ಆಲ್ದೂರಿನವರ ಎಂಎಲ್‌ಎ ಯಾರು?

ಕಂದಾಯ ಇಲಾಖೆಯಲ್ಲಿ ನಾನು ಕಳೆದ ವರ್ಷಗಳಲ್ಲಿ ಜಾಸ್ತಿ ಪಾಲು ಚುನಾವಣಾ ಶಾಖೆಗೇ ಹೋಯಿತು. ನಿವೃತ್ತಿಯಾದ ಮೇಲೂ ಜನ ನನ್ನನ್ನು ಬಿಟ್ಟಿಲ್ಲ. ಚಿಕ್ಕಮಗಳೂರು ಪೇಟೆಯಲ್ಲಿ ಕಾಫಿ ಕುಡಿಯಲು ಕೂತರೆ ಯಾರಾದರೊಬ್ಬರು ಕಾಗದದ ಕವರು ಹಿಡಿದು ಬಂದೇ ಬರುತ್ತಾರೆ. "ಸಾರ್, ಇದಕ್ಕೆ ಎಂಎಲ್‌ಎ ಹತ್ರ ಹೋಗ್ಬೇಕಾ?" ಎಂದು ಕೇಳುತ್ತಾರೆ. ನಾನು ಮೊದಲು ಕೇಳುವುದು ಊರು ಮತ್ತು ಹೋಬಳಿ. ತಾಲೂಕು ಕೇಳುವುದಿಲ್ಲ. ಹಾಗೆ ಕೇಳಿ ಒಮ್ಮೆ ಎಡವಟ್ಟು ಮಾಡಿದ್ದೇನೆ.

ಆಗ ಇನ್ನೂ ಸರ್ವಿಸಿನಲ್ಲಿದ್ದೆ. ಆಲ್ದೂರು ಕಡೆಯ ಒಬ್ಬ ಅಜ್ಜಿ ಬಗರ್‌ಹುಕುಂ ಅರ್ಜಿಯ, ಅಂದರೆ ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಎಂಬ ಅರ್ಜಿಯ, ಸ್ವೀಕೃತಿ ಹಿಡಿದು ಬಂದಿದ್ದರು. ಗುಡ್ಡದ ಬದಿಯ ಸ್ವಲ್ಪ ಜಮೀನು, ಫಾರಂ 53. ಯಾವ ತಾಲೂಕು ಎಂದೆ. ಚಿಕ್ಕಮಗಳೂರು ಎಂದರು. ಆ ಅರ್ಜಿ ನೋಡುವ ಸಮಿತಿಗೆ ಶಾಸಕರೇ ಅಧ್ಯಕ್ಷರು, ಒಮ್ಮೆ ಚಿಕ್ಕಮಗಳೂರು ಶಾಸಕರನ್ನು ನೋಡಿ ಎಂದು ಕಳಿಸಿಬಿಟ್ಟೆ. ಕಾಫಿ ಹಣ್ಣು ಕೊಯ್ಯುವ ಕಾಲ. ಒಂದು ದಿನದ ಕೂಲಿ ಬಿಟ್ಟು ಅವರು ಹೋಗಿ ಕಾದು ಕೂತರು. ಸಂಜೆ ಅಲ್ಲಿದ್ದ ಹುಡುಗರು ಹೇಳಿದ್ದು ಇಷ್ಟೇ: "ಅಜ್ಜಿ, ನಿಮ್ದು ನಮ್ ಕ್ಷೇತ್ರ ಅಲ್ಲ, ಮೂಡಿಗೆರೆ."

ಮರುವಾರ ಅವರು ನನ್ನ ಮೇಜಿನ ಮುಂದೆ ಬಂದು ನಿಂತರು. ಬೈಯಲಿಲ್ಲ. "ನೀವೇ ಹೇಳಿದ್ರಲ್ಲ ಸ್ವಾಮಿ" ಎಂದರು ಅಷ್ಟೆ. ಚುನಾವಣಾ ಶಾಖೆಯವನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.

ವಿಷಯ ಇಷ್ಟು. ತಾಲೂಕು ಕಂದಾಯದ ಗಡಿ. ವಿಧಾನಸಭಾ ಕ್ಷೇತ್ರ ಓಟಿನ ಗಡಿ. ಎರಡೂ ಒಂದೇ ಎಂದು ನಾವು ಸುಮ್ನೆ ಅಂದುಕೊಂಡಿರುತ್ತೇವೆ. ನಮ್ಮ ಜಿಲ್ಲೆಯ ಲೆಕ್ಕವನ್ನೇ ನೋಡಿ. ಅಜ್ಜಂಪುರ ಮತ್ತು ಕಳಸ ಸೇರಿದ ಮೇಲೆ ತಾಲೂಕುಗಳು 9. ಕ್ಷೇತ್ರಗಳು ಮಾತ್ರ 5: ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ, ಕಡೂರು. ಮತದಾರರ ಪಟ್ಟಿಯಲ್ಲಿ ಇವಕ್ಕೆ 123ರಿಂದ 127ರವರೆಗಿನ ನಂಬರು. ಕೊಪ್ಪದವರಿಗೆ ಕೊಪ್ಪ ಹೆಸರಿನ ಕ್ಷೇತ್ರ ಇಲ್ಲ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಮೂರೂ ತಾಲೂಕು ಶೃಂಗೇರಿ ಕ್ಷೇತ್ರದಲ್ಲಿವೆ. ಅಜ್ಜಂಪುರಕ್ಕೆ ಹೊಸ ತಾಲೂಕು ಕಚೇರಿ ಬಂತು, ಆದರೆ ಕ್ಷೇತ್ರ ಹಳೆಯ ತರೀಕೆರೆಯೇ. ಕಳಸವೂ ಮೂಡಿಗೆರೆಯಲ್ಲೇ ಉಳಿಯಿತು. ತಾಲೂಕು ಮಾಡುವುದು ರಾಜ್ಯ ಸರ್ಕಾರದ ಕೈಯಲ್ಲಿದೆ. ಕ್ಷೇತ್ರದ ಗೆರೆ ಅದರ ಕೈಯಲ್ಲಿಲ್ಲ.

ಚಿಕ್ಕಮಗಳೂರು ತಾಲೂಕಿನದು ಇನ್ನೂ ಮಜಾ. ಪಟ್ಟಣದವರಿಗೆ ಚಿಕ್ಕಮಗಳೂರು ಶಾಸಕರು. ಆಲ್ದೂರಿನವರಿಗೆ ಮೂಡಿಗೆರೆ ಶಾಸಕರು. ಖಾಂಡ್ಯದವರಿಗೆ ಶೃಂಗೇರಿ ಶಾಸಕರು. ಒಂದೇ ತಹಶೀಲ್ದಾರ್, ಮೂವರು ಎಂಎಲ್‌ಎ. ಅತ್ತ ಕಡೂರು ತಾಲೂಕಿನ ಸಖರಾಯಪಟ್ಟಣ ಚಿಕ್ಕಮಗಳೂರು ಕ್ಷೇತ್ರದಲ್ಲಿದೆ. ಅಯ್ಯನಕೆರೆ ಕೋಡಿ ಬಿದ್ದಾಗ ಬಾಗಿನ ಬಿಡಲು ಚಿಕ್ಕಮಗಳೂರಿನ ಶಾಸಕರು ಬರುವುದು ಅದಕ್ಕೇ. ಹಾಸನದ ಕಡೆಯೂ ಇದೇ ಕಥೆ. ಕಟ್ಟಾಯ ಹೋಬಳಿ ಹಾಸನ ತಾಲೂಕು, ಓಟು ಸಕಲೇಶಪುರಕ್ಕೆ. ಜಾವಗಲ್ ಅರಸೀಕೆರೆ ತಾಲೂಕು, ಓಟು ಬೇಲೂರಿಗೆ. ಚನ್ನರಾಯಪಟ್ಟಣದವರ ಕ್ಷೇತ್ರದ ಹೆಸರು ಶ್ರವಣಬೆಳಗೊಳ.

ಈ ಗೆರೆ ಎಳೆದದ್ದು ಯಾರು? ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಪುನರ್‌ವಿಂಗಡಣಾ ಆಯೋಗ. 2001ರ ಜನಗಣತಿ ಇಟ್ಟುಕೊಂಡು ಅದು ಇಡೀ ರಾಜ್ಯವನ್ನು ಮತ್ತೆ ಹಂಚಿತು. ಆ ಹೊಸ ನಕ್ಷೆಯಲ್ಲಿ ಮೊದಲು ಚುನಾವಣೆ ನಡೆದ ರಾಜ್ಯವೇ ಕರ್ನಾಟಕ, 2008ರ ಮೇನಲ್ಲಿ. ರಾಜ್ಯದ ಒಟ್ಟು ಸೀಟು 224 ಹಾಗೇ ಉಳಿಯಿತು. ಬೆಂಗಳೂರಿನಲ್ಲಿ ಜನ ಬೆಳೆದಿದ್ದರು, ಅಲ್ಲಿಗೆ ಸೀಟು ಜಾಸ್ತಿಯಾಯಿತು. ನಮ್ಮಂಥ ಜಿಲ್ಲೆಗಳಲ್ಲಿ ಕಡಿಮೆಯಾಯಿತು. ಚಿಕ್ಕಮಗಳೂರಿನಲ್ಲಿ 6 ಇದ್ದದ್ದು 5 ಆಯಿತು, ಬೀರೂರು ಕ್ಷೇತ್ರ ಹೋಯಿತು. ಹಾಸನದಲ್ಲಿ 8 ಇದ್ದದ್ದು 7 ಆಯಿತು, ಗಂಡಸಿ ಹೋಯಿತು. ಒಂದು ಕ್ಷೇತ್ರ ತೆಗೆದರೆ ಅದರ ಹೋಬಳಿಗಳನ್ನು ಅಕ್ಕಪಕ್ಕಕ್ಕೆ ಹಂಚಲೇಬೇಕು. ಅಕ್ಕಪಕ್ಕದವು ಉಬ್ಬಿದರೆ ಅವುಗಳ ಇನ್ನೊಂದು ತುದಿಯನ್ನು ಕತ್ತರಿಸಬೇಕು. ಹೀಗೆ ಎಲ್ಲೋ ಎಳೆದರೆ ಇನ್ನೆಲ್ಲೋ ಸುಕ್ಕು.

ಮೀಸಲಾತಿಯೂ ಆ ನಕ್ಷೆಯ ಜೊತೆಗೇ ಬರುತ್ತದೆ. ಜಿಲ್ಲೆಯಲ್ಲಿ ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲು. ಪರಿಶಿಷ್ಟ ಜಾತಿಯ ಜನರ ಪ್ರಮಾಣ ಎಲ್ಲಿ ಹೆಚ್ಚು ಎಂದು ಆಯೋಗ ನೋಡುತ್ತದೆ. ಜೊತೆಗೆ ಮೀಸಲು ಸೀಟು ರಾಜ್ಯದ ಒಂದೇ ಮೂಲೆಗೆ ಗುಂಪಾಗದಂತೆಯೂ ಹರಡುತ್ತದೆ. ಇದನ್ನು ಶಾಶ್ವತ ಎಂದುಕೊಂಡವರು ಹಾಸನದ ಕಡೆ ನೋಡಬೇಕು. ಬೇಲೂರು ಮೀಸಲಾಗಿತ್ತು. 2008ರಲ್ಲಿ ಅದು ಸಾಮಾನ್ಯವಾಯಿತು, ಸಕಲೇಶಪುರ ಮೀಸಲಾಯಿತು.

ಇನ್ನು ಎಂಪಿ ವಿಷಯ. ವಿಧಾನಸಭಾ ಕ್ಷೇತ್ರ ಜಿಲ್ಲೆ ದಾಟುವುದಿಲ್ಲ. ಲೋಕಸಭಾ ಕ್ಷೇತ್ರ ದಾಟುತ್ತದೆ. ಕರ್ನಾಟಕದಲ್ಲಿ 8 ವಿಧಾನಸಭಾ ಕ್ಷೇತ್ರ ಸೇರಿದರೆ ಒಂದು ಲೋಕಸಭಾ ಕ್ಷೇತ್ರ. ನಮ್ಮ ಐದರಲ್ಲಿ ನಾಲ್ಕು ಘಟ್ಟ ಇಳಿದು ಉಡುಪಿ, ಕಾಪು, ಕಾರ್ಕಳ, ಕುಂದಾಪುರದ ಜೊತೆ ಸೇರಿ ಉಡುಪಿ ಚಿಕ್ಕಮಗಳೂರು ಆಗಿವೆ. ಉಳಿದ ಕಡೂರು ಹಾಸನಕ್ಕೆ ಹೋಯಿತು. 2009ರಿಂದ ಕಡೂರಿನವರು ಹಾಸನದ ಎಂಪಿಗೆ ಓಟು ಹಾಕುತ್ತಿದ್ದಾರೆ. ದೇವೇಗೌಡರು 2009 ಮತ್ತು 2014ರಲ್ಲಿ ಗೆದ್ದದ್ದರಲ್ಲಿ ಕಡೂರಿನ ಓಟೂ ಇತ್ತು. 2024ರಲ್ಲಿ ಅಲ್ಲಿ ಶ್ರೇಯಸ್ ಪಟೇಲ್ ಗೆದ್ದರು. ಇತ್ತ ಕೋಟ ಶ್ರೀನಿವಾಸ ಪೂಜಾರಿ ಗೆದ್ದರು.

ನಮ್ಮ ಹಿರಿಯರು ಈಗಲೂ "ಇಂದಿರಾ ಗಾಂಧಿ ನಿಂತಿದ್ದ ಕ್ಷೇತ್ರ" ಎನ್ನುತ್ತಾರೆ. 1978ರಲ್ಲಿ ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು, ಇಂದಿರಾ ಅವರು ವೀರೇಂದ್ರ ಪಾಟೀಲರ ಎದುರು ಗೆದ್ದರು. ಆ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ ಈಗ ಆ ಹೆಸರಲ್ಲೂ ಇಲ್ಲ, ಆ ಗಡಿಯಲ್ಲೂ ಇಲ್ಲ.

ಕಡೂರಿನವರಿಗೆ ಇದರ ಬಿಸಿ ಹೆದ್ದಾರಿ, ರೈಲು ಅಂದಾಗ ತಟ್ಟುತ್ತದೆ. ಹಳೆಯ 206, ಈಗಿನ 69ನೇ ರಾಷ್ಟ್ರೀಯ ಹೆದ್ದಾರಿ ಕಡೂರು, ಬೀರೂರು, ತರೀಕೆರೆ ದಾಟಿ ಶಿವಮೊಗ್ಗಕ್ಕೆ ಹೋಗುತ್ತದೆ. ಕಡೂರಿನಲ್ಲಿ ಕೆಳಸೇತುವೆ ಬೇಕೆಂದರೆ ಹಾಸನದ ಎಂಪಿಯನ್ನು ಕೇಳಬೇಕು. ಅದೇ ರಸ್ತೆಯಲ್ಲಿ ತರೀಕೆರೆಯ ದೂರು ಇದ್ದರೆ ಉಡುಪಿ ಚಿಕ್ಕಮಗಳೂರಿನ ಎಂಪಿ. 2013ರಲ್ಲಿ ಕಡೂರು–ಚಿಕ್ಕಮಗಳೂರು ರೈಲು ಶುರುವಾಯಿತಲ್ಲ, ಅದು ಹೊರಡುವುದು ಒಬ್ಬ ಎಂಪಿಯ ಕ್ಷೇತ್ರದಿಂದ, ಬಂದು ನಿಲ್ಲುವುದು ಇನ್ನೊಬ್ಬರ ಕ್ಷೇತ್ರದಲ್ಲಿ.

ವಿಧಾನ ಪರಿಷತ್ತನ್ನು ಹೆಚ್ಚು ಬೆಳೆಸುವುದಿಲ್ಲ. ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರದಲ್ಲಿ ನಮ್ಮ ಇಡೀ ಜಿಲ್ಲೆ ನೈಋತ್ಯಕ್ಕೆ ಸೇರಿದೆ. ಅಂದರೆ ಮಂಗಳೂರು, ಉಡುಪಿ, ಕೊಡಗು, ಶಿವಮೊಗ್ಗದ ಜೊತೆ. ಹಾಸನ ಜಿಲ್ಲೆ ಮೈಸೂರು, ಮಂಡ್ಯದ ಜೊತೆ ದಕ್ಷಿಣ ಕ್ಷೇತ್ರದಲ್ಲಿದೆ. ಪದವೀಧರರ ಪಟ್ಟಿಗೆ ಹೆಸರು ಸೇರಿಸಲು ಡಿಗ್ರಿ ಮುಗಿದು 3 ವರ್ಷ ಆದವರು ಫಾರಂ 18 ಕೊಡಬೇಕು. ಆ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ, ಹಿಂದಿನ ಸಲ ಹೆಸರಿತ್ತು ಎಂದು ಕೂತರೆ ಓಟು ಇಲ್ಲ. "ಸೋತವರು ಮತ್ತೆ ಹೇಗೆ ಬಂದ್ರು?" ಎಂದು ಸಿ.ಟಿ. ರವಿ ಅವರ ವಿಷಯದಲ್ಲಿ ಹಲವರು ಕೇಳಿದರು. 2023ರಲ್ಲಿ ಅವರು ಎಚ್.ಡಿ. ತಮ್ಮಯ್ಯ ಅವರೆದುರು 5,926 ಓಟಿನಿಂದ ಸೋತರು. 2024ರಲ್ಲಿ ಶಾಸಕರು ಆರಿಸುವ ಸ್ಥಾನದಿಂದ ಪರಿಷತ್ತಿಗೆ ಹೋದರು. ಅದಕ್ಕೆ ನಾವು ನೀವು ಓಟು ಹಾಕುವುದಿಲ್ಲ. ಪರಿಷತ್ತಿನ 75 ಸ್ಥಾನಗಳಲ್ಲಿ 25 ಹಾಗೆ ತುಂಬುತ್ತವೆ.

ಎಂಎಲ್‌ಎ ಕೈಯಲ್ಲಿ ಏನಿದೆ ಎನ್ನುವುದಕ್ಕೆ ಈಗ ಬರೋಣ. ಅಜ್ಜಿಯ ಕಾಗದದ ವಿಷಯವೂ ಅಲ್ಲೇ ಇದೆ. ಕಾನೂನು ಮಾಡುವುದು, ಬಜೆಟ್ ಒಪ್ಪುವುದು ಶಾಸಕರ ಮೊದಲ ಕೆಲಸ. ಆದರೆ ಹಳ್ಳಿಯವರು ಅದಕ್ಕಾಗಿ ಅವರ ಬಾಗಿಲಿಗೆ ಹೋಗುವುದಿಲ್ಲ. ಹೋಗುವುದು ಮೂರು ನಾಲ್ಕು ಕೆಲಸಕ್ಕೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಅದರಲ್ಲಿ ಸಮುದಾಯ ಭವನ, ಶಾಲೆಯ ಕೊಠಡಿ, ಸಣ್ಣ ರಸ್ತೆ. ತಾಲೂಕು ಕೆಡಿಪಿ (ಸರ್ಕಾರಿ ಕೆಲಸಗಳ ಪ್ರಗತಿ ಪರಿಶೀಲನೆ) ಸಭೆಯಲ್ಲಿ ಅಧಿಕಾರಿಗಳನ್ನು ಎದುರಿಗೆ ಕೂರಿಸಿ ಕೇಳುವ ಅಧಿಕಾರ. ಬಡವರ ಮನೆ, ನಿವೇಶನ ನೋಡುವ ಪಟ್ಟಣದ ಆಶ್ರಯ ಸಮಿತಿ. ಇವೆಲ್ಲಕ್ಕಿಂತ ನಮ್ಮ ಜಿಲ್ಲೆಯಲ್ಲಿ ಜನ ಕಾಯುವುದು ಬಗರ್‌ಹುಕುಂ ಸಮಿತಿಗೆ.

ಸರ್ಕಾರಿ ಜಮೀನಿನಲ್ಲಿ ಸಾಗುವಳಿ ಮಾಡಿಕೊಂಡವರು ಸಕ್ರಮಕ್ಕೆ ಕೊಟ್ಟ ಅರ್ಜಿಗಳವು. ಮೊದಲ ಸುತ್ತು ಫಾರಂ 50, ಆಮೇಲೆ 53, 2018ರಿಂದ 57. ಸಮಿತಿಗೆ ಶಾಸಕರು ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಫೈಲು ಇರುವುದು ತಾಲೂಕು ಕಚೇರಿಯಲ್ಲಿ. ಸ್ಥಳಕ್ಕೆ ಹೋಗಿ ನೋಡುವುದು ಗ್ರಾಮ ಲೆಕ್ಕಿಗರು (ಈಗ ಗ್ರಾಮ ಆಡಳಿತಾಧಿಕಾರಿ), ಆರ್‌ಐ ಅಂದರೆ ಕಂದಾಯ ನಿರೀಕ್ಷಕರು, ಸರ್ವೆಯವರು. ಅಲ್ಲಿ ಅದು ಅರಣ್ಯವೋ, ಡೀಮ್ಡ್ ಫಾರೆಸ್ಟೋ (ಅರಣ್ಯವೆಂದೇ ಪರಿಗಣಿಸುವ ಜಮೀನು), ಗೋಮಾಳವೋ ಎನ್ನುವುದರಲ್ಲೇ ಮಲೆನಾಡಿನ ಅರ್ಧ ಅರ್ಜಿಗಳು ಸಿಕ್ಕಿಕೊಳ್ಳುತ್ತವೆ. ಅದೆಲ್ಲ ದಾಟಿದ ಮೇಲೆ ಫೈಲು ಸಮಿತಿಯ ಮುಂದೆ ಬರುತ್ತದೆ. ಸಮಿತಿ ಒಪ್ಪಿದ ಮೇಲೆ ಸಾಗುವಳಿ ಚೀಟಿ, ಅಂದರೆ ಜಮೀನು ಮಂಜೂರಾದ ಪತ್ರ. ಹಾಗಾಗಿ ಆಲ್ದೂರಿನ ಅಜ್ಜಿಯ ಫೈಲು ಚಿಕ್ಕಮಗಳೂರಿನ ಕಚೇರಿಯಲ್ಲಿದ್ದರೂ, ಅದರ ಬಗ್ಗೆ ಕೇಳಬೇಕಾದ ಶಾಸಕರು ಮೂಡಿಗೆರೆಯವರು. ನಾನು ಎರಡನ್ನೂ ಒಂದೇ ಮಾಡಿಬಿಟ್ಟಿದ್ದೆ. ಕೊನೆಗೆ ನಾನೇ ಒಂದು ಚೀಟಿಯಲ್ಲಿ ಎರಡು ಸಾಲು ಬರೆದುಕೊಟ್ಟೆ: ಫೈಲು ಇಲ್ಲಿ, ಸಮಿತಿ ಅಲ್ಲಿ. ಶಾಸಕರ ಶಿಫಾರಸು ಪತ್ರ ಇದ್ದರೆ ಅರಣ್ಯದ ಜಮೀನೂ ಸಿಗುತ್ತದೆ ಎಂದು ನಂಬಿಸುವ ಬ್ರೋಕರುಗಳಿದ್ದಾರೆ. ಸಿಗುವುದಿಲ್ಲ. ಆ ಪತ್ರಕ್ಕೆ ದುಡ್ಡು ಕೊಡಬೇಡಿ.

ನಿಮ್ಮ ಕ್ಷೇತ್ರ ಯಾವುದು ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಮತದಾರರ ಪಟ್ಟಿಯ ಮೊದಲ ಪುಟ ನೋಡಿ. ಎಲ್ಲರೂ ತಮ್ಮ ಹೆಸರಿರುವ ಪುಟಕ್ಕೆ ಹಾರಿಬಿಡುತ್ತಾರೆ. ಮೊದಲ ಪುಟದಲ್ಲೇ ವಿಧಾನಸಭಾ ಕ್ಷೇತ್ರದ ನಂಬರು, ಹೆಸರು, ಮೀಸಲೋ ಸಾಮಾನ್ಯವೋ, ಯಾವ ಲೋಕಸಭಾ ಕ್ಷೇತ್ರ, ಭಾಗ ಸಂಖ್ಯೆ ಎಷ್ಟು ಎಲ್ಲ ಇರುತ್ತದೆ. ನಿಮ್ಮ ಬೂತಿನ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಹತ್ತಿರ ಪ್ರತಿ ಇರುತ್ತದೆ. 1950ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ. ಮದುವೆಯಾಗಿ ಆಲ್ದೂರಿನಿಂದ ಚಿಕ್ಕಮಗಳೂರಿಗೆ ಬಂದ ಹೆಣ್ಣುಮಕ್ಕಳು ತಾಲೂಕು ಒಂದೇ ಎಂದು ಸುಮ್ಮನಿರುತ್ತಾರೆ. ಕ್ಷೇತ್ರ ಬದಲಾಗಿದೆ, ಹೆಸರು ವರ್ಗಾಯಿಸಲು ಫಾರಂ 8 ಕೊಡಬೇಕು.

ಒಂದು ಓಟಿಗೆ ಏನು ಬೆಲೆ ಎಂದು ಕೇಳುವವರಿಗೆ ನಾನು ಶೃಂಗೇರಿಯ ಲೆಕ್ಕ ಹೇಳುತ್ತೇನೆ. 2018ರಲ್ಲಿ ಟಿ.ಡಿ. ರಾಜೇಗೌಡರು ಡಿ.ಎನ್. ಜೀವರಾಜ್ ಎದುರು 1,989 ಓಟಿನಿಂದ ಗೆದ್ದರು. 2023ರಲ್ಲಿ ಅದೇ ಇಬ್ಬರ ನಡುವೆ ಘೋಷಣೆಯಾದ ಅಂತರ 201. ಮಲೆನಾಡಿನ ಮದುವೆಯಲ್ಲಿ ಒಂದು ಪಂಕ್ತಿಗೆ ಕೂರುವಷ್ಟು ಜನ! ಆ ವರ್ಷ ಮೂಡಿಗೆರೆಯಲ್ಲಿ ನಯನಾ ಮೋಟಮ್ಮ ಗೆದ್ದದ್ದು 722ರಿಂದ. ಇಷ್ಟು ಕಡಿಮೆ ಅಂತರ ಇದ್ದಾಗ ಅಂಚೆ ಮತಗಳ ಮೇಲೆ ಕಣ್ಣು ಬೀಳುತ್ತದೆ. ಅದರಲ್ಲಿ ತಪ್ಪು ಮಾಡುವವರು ಬೇರೆ ಯಾರೂ ಅಲ್ಲ, ಚುನಾವಣೆ ಮಾಡಿಸಲು ಹೋದ ನಮ್ಮಂಥ ನೌಕರರೇ. ಓಟಿನ ಜೊತೆ 13ಎ ಎಂಬ ಘೋಷಣಾ ಪತ್ರಕ್ಕೆ ಸಹಿ ಹಾಕಬೇಕು, ಅಧಿಕಾರಿಯಿಂದ ದೃಢೀಕರಣ ಮಾಡಿಸಬೇಕು. ಅದು ಇಲ್ಲದಿದ್ದರೆ ಕವರು ಒಡೆಯುವ ಮೊದಲೇ ಓಟು ತಿರಸ್ಕಾರ. ಊರಿಗೆಲ್ಲ ಓಟು ಹಾಕುವುದು ಹೇಗೆ ಎಂದು ಪಾಠ ಮಾಡಿ, ತಮ್ಮ ಓಟನ್ನೇ ಕೆಡಿಸಿಕೊಂಡ ಮೇಷ್ಟ್ರುಗಳನ್ನು ಎಣಿಕೆ ಟೇಬಲ್ಲಿನಲ್ಲಿ ನೋಡಿದ್ದೇನೆ. ಫಲಿತಾಂಶ ಒಪ್ಪದವರು 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಶೃಂಗೇರಿಯದೂ ಕೋರ್ಟಿಗೆ ಹೋಯಿತು. ನಿಮ್ಮ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಎಂದು ನೋಡಲು ಫಾರಂ 20 ಇದೆ, ಬೂತುವಾರು ಪಟ್ಟಿ. ಊರಿನ ಕಟ್ಟೆಯ ಮೇಲಿನ ಎಷ್ಟೋ ಜಗಳ ಅದನ್ನು ತೆಗೆದು ತೋರಿಸಿದರೆ ಐದು ನಿಮಿಷದಲ್ಲಿ ಮುಗಿಯುತ್ತದೆ.

ಈಗಿನ ಗೆರೆಯೂ ಎಂದೆಂದಿಗೂ ಇರುವಂಥದ್ದಲ್ಲ. 2026ರ ನಂತರದ ಮೊದಲ ಜನಗಣತಿಯ ಅಂಕಿ ಬರುವವರೆಗೆ ಸೀಟುಗಳ ಲೆಕ್ಕ ಮುಟ್ಟಬಾರದು ಎಂದು 2001ರ 84ನೇ ತಿದ್ದುಪಡಿ ಹೇಳಿತ್ತು. ಕಳೆದ ಸಲ ಆಯೋಗ ಮೊದಲು ಕರಡು ಪ್ರಕಟಿಸಿ, ಆಕ್ಷೇಪಣೆ ಕರೆದು, ಬಹಿರಂಗ ಸಭೆ ನಡೆಸಿತ್ತು. ಆಯೋಗದ ಜೊತೆ ಎಂಪಿ, ಎಂಎಲ್‌ಎಗಳು ಸಹ ಸದಸ್ಯರಾಗಿ ಕೂರುತ್ತಾರೆ, ಆದರೆ ಅವರಿಗೆ ಓಟಿಲ್ಲ. ಊರಿನವರಿಗೆ ಬಾಯಿ ಬಿಡಲು ಸಿಗುವ ಜಾಗ ಆ ಆಕ್ಷೇಪಣೆಯೇ. "ನಮ್ಮ ಹೋಬಳಿಗೆ ಅನ್ಯಾಯ" ಎಂದಷ್ಟೇ ಬರೆದರೆ ಏನೂ ಆಗದು. ಬಸ್ಸು ಎಲ್ಲಿಗೆ ಹೋಗುತ್ತದೆ, ನಡುವೆ ಹೊಳೆ ಇದೆಯೇ, ಜನಸಂಖ್ಯೆ ಎಷ್ಟು ಎಂದು ಬರೆಯಬೇಕು.

ಮೊನ್ನೆ ಸಖರಾಯಪಟ್ಟಣದ ಒಬ್ಬ ತೆಂಗಿನ ತೋಟದವರು ಸಿಕ್ಕಿದ್ದರು. ತಮ್ಮೂರಿನ ರೈಲಿನ ಸಮಯ ಬದಲಿಸಬೇಕೆಂದು ಎಂಪಿಗೆ ಅರ್ಜಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದರು.

"ಮುಂದಿನ ಸಲ ನಮ್ಮನ್ನ ಕಡೂರಿಗೇ ಹಾಕ್ತಾರಾ ಸಾರ್?"

ಈಗಲೇ ಯಾರೂ ಹೇಳಲಾರರು ಎಂದೆ.

"ಹಾಕಿದ್ರೆ ಎಂಪಿನೂ ಬದಲಾಗ್ತಾರೆ, ಅಲ್ವಾ?"

ಈಗಿನ ಲೆಕ್ಕದಲ್ಲಿ ಹೌದು, ಹಾಸನದವರಾಗುತ್ತಾರೆ ಎಂದೆ.

ಅವರು ಜೇಬಿನಿಂದ ಅರ್ಜಿ ತೆಗೆದು ಮೇಲಿನ ವಿಳಾಸ ಇನ್ನೊಮ್ಮೆ ಓದಿಕೊಂಡರು. "ಹಂಗಾದ್ರೆ ಇದನ್ನ ಈ ವಾರವೇ ಕೊಟ್ಬಿಡ್ತೀನಿ."