ಅಟ್ಟದ ಮೇಲಿನ ಡಬ್ಬಗಳ ಲೆಕ್ಕ

ಹಾಸನದಲ್ಲಿರುವ ನನ್ನ ಚಿಕ್ಕಮ್ಮನ ಮನೆಯ ಅಟ್ಟದ ಮೇಲೆ ಪ್ರೋಟೀನ್ ಪುಡಿಯ ಹನ್ನೊಂದು ಡಬ್ಬಗಳಿದ್ದವು. ಒಂದರ ಸೀಲನ್ನೂ ಒಡೆದಿರಲಿಲ್ಲ. ಮನೆಗೆ ಸುಣ್ಣ ಬಳಿಸುವಾಗ ಕೆಳಗಿಳಿಸಿ ನೋಡಿದರೆ ಎಲ್ಲದರ ಅವಧಿಯೂ ಮುಗಿದಿತ್ತು. ಡಬ್ಬಗಳ ಜೊತೆ ಒಂದು ನೋಟ್‌ಪುಸ್ತಕ. ಅದರ ಮೊದಲ ಪುಟಗಳಲ್ಲಿ ನೂರು ಹೆಸರುಗಳ ಪಟ್ಟಿ: ನೆಂಟರು, ಅಕ್ಕಪಕ್ಕದವರು, ಹೈಸ್ಕೂಲಿನಲ್ಲಿ ಜೊತೆಗೆ ಓದಿದವರು. ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಯೊಂದಕ್ಕೆ ಸೇರಿದ ದಿನವೇ ಕೂರಿಸಿಕೊಂಡು ಬರೆಸಿದ್ದರಂತೆ. ಏಳನೆಯ ಹೆಸರು ನನ್ನದು.

ಚಿಕ್ಕಮ್ಮ ಲೆಕ್ಕ ಬಾರದವರಲ್ಲ. ತಮ್ಮ ಬೀದಿಯ ಮಹಿಳಾ ಸಂಘದ ಉಳಿತಾಯ, ಸಾಲ, ಬಡ್ಡಿಯ ಪುಸ್ತಕವನ್ನು ವರ್ಷಗಟ್ಟಲೆ ಒಂದು ರೂಪಾಯಿ ಆಚೀಚೆಯಾಗದಂತೆ ಬರೆದವರು. ಅವರಿಗೆ ತಿಳಿಯದೇ ಹೋದದ್ದು ಒಂದೇ: ತಮ್ಮ ಖಾತೆಗೆ ಬರುವ ಕಮಿಷನ್ ಯಾರ ಜೇಬಿನಿಂದ ಹೊರಟು ಬರುತ್ತದೆ ಎಂಬುದು. ಬಹುಹಂತದ ಮಾರಾಟ, ನೆಟ್‌ವರ್ಕ್ ಮಾರ್ಕೆಟಿಂಗ್, ಚೈನ್ ಲಿಂಕ್ ಎಂದೆಲ್ಲ ಕರೆಸಿಕೊಳ್ಳುವ ಈ ವ್ಯವಹಾರದಲ್ಲಿ ಬೇರೇನನ್ನು ತಿಳಿದರೂ ಬಿಟ್ಟರೂ ಅದೊಂದನ್ನು ತಿಳಿಯಬೇಕು.

ಇದರ ಹುಟ್ಟು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಕಾರ್ಲ್ ರೆನ್‌ಬೋರ್ಗ್ ಎಂಬಾತ ಸೊಪ್ಪುಸದೆಗಳ ಸಾರದಿಂದ ವಿಟಮಿನ್ ಪೂರಕ ತಯಾರಿಸಿ ನ್ಯೂಟ್ರಿಲೈಟ್ ಹೆಸರಿನಲ್ಲಿ ಮಾರುತ್ತಿದ್ದ. ಮನೆಮನೆಗೆ ಹೋಗಿ ಮಾರುವವರು ಅದಕ್ಕೂ ಮೊದಲೇ ಇದ್ದರು. ತಾನು ಮಾರಿದ್ದಕ್ಕೆ ತನಗೆ ಕಮಿಷನ್, ಅಲ್ಲಿಗೆ ಲೆಕ್ಕ ಮುಗಿಯುತ್ತಿತ್ತು. 1945ರಲ್ಲಿ ಲೀ ಮೈಟಿಂಗರ್ ಮತ್ತು ಮನಶ್ಶಾಸ್ತ್ರಜ್ಞ ವಿಲಿಯಂ ಕ್ಯಾಸಲ್‌ಬರಿ ನ್ಯೂಟ್ರಿಲೈಟ್‌ನ ಮಾರಾಟದ ಹೊಣೆ ಹೊತ್ತು ಹೊಸ ಕ್ರಮವೊಂದನ್ನು ತಂದರು. ಮಾರುವವನು ಇನ್ನಷ್ಟು ಮಾರುವವರನ್ನು ಸೇರಿಸಿದರೆ ಅವರ ಮಾರಾಟದಲ್ಲೂ ಅವನಿಗೆ ಪಾಲು. ಅಂದಿನಿಂದ ಗ್ರಾಹಕರನ್ನು ಹುಡುಕುವುದಕ್ಕಿಂತ ಮಾರುವವರನ್ನು ಹುಡುಕುವುದೇ ಹೆಚ್ಚು ಲಾಭದ ಕೆಲಸವಾಯಿತು. ಈ ಪೂರಕದಿಂದ ಎಂಥೆಂಥ ರೋಗ ವಾಸಿಯಾಗುತ್ತದೆ ಎಂದು ಸಾರುವ ಕಿರುಹೊತ್ತಗೆಯನ್ನೂ ಮಾರುವವರ ಕೈಗೆ ಕೊಟ್ಟಿದ್ದರು. ಸರ್ಕಾರ ಮಾಲನ್ನು ಜಪ್ತಿ ಮಾಡಿತು, ವಿವಾದ 1950ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಸಕ್ಕರೆ ಕಾಯಿಲೆಗೆ ಈ ಪುಡಿ ಒಳ್ಳೆಯದು ಎಂದು ಚಿಕ್ಕಮ್ಮನಿಗೆ ಯಾರೋ ಹೇಳಿದ್ದ ಮಾತಿಗೂ ಅಷ್ಟೇ ವಯಸ್ಸಾಗಿದೆ.

1949ರಲ್ಲಿ ನ್ಯೂಟ್ರಿಲೈಟ್ ವಿತರಕರಾಗಿ ಸೇರಿದ ಇಬ್ಬರು ಗೆಳೆಯರು, ರಿಚ್ ಡೆವೋಸ್ ಮತ್ತು ಜೇ ವ್ಯಾನ್ ಆಂಡೆಲ್, ಹತ್ತು ವರ್ಷಗಳ ನಂತರ ಮಿಷಿಗನ್‌ನಲ್ಲಿ ಆಮ್‌ವೇ ಕಂಪನಿ ಕಟ್ಟಿದರು. ಇಂದಿನ ಬಹುಪಾಲು ಕಮಿಷನ್ ಪದ್ಧತಿಗಳು ಈ ಬೇರಿನ ಚಿಗುರುಗಳೇ.

ಈಗ ದುಡ್ಡಿನ ವಿಚಾರ. ವಿತರಕನಿಗೆ ಎರಡು ದಾರಿಯಲ್ಲಿ ಹಣ ಬರುತ್ತದೆ. ಒಂದನೆಯದನ್ನು ಯಾವ ಕಿರಾಣಿ ಅಂಗಡಿಯವರೂ ಬಲ್ಲರು: ರಿಯಾಯಿತಿ ದರಕ್ಕೆ ಕೊಂಡು, ಎಂಆರ್‌ಪಿಗೆ ಮಾರಿ, ನಡುವಿನ ಲಾಭ ಉಳಿಸಿಕೊಳ್ಳುವುದು. ಸಭೆಗಳಲ್ಲಿ ಇದರ ಪ್ರಸ್ತಾಪ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಉಳಿದ ಎರಡು ಗಂಟೆ ಬಿಳಿ ಹಲಗೆಯ ಮೇಲೆ ಬಿಡಿಸುವ ವೃತ್ತಗಳೆಲ್ಲ ಎರಡನೆಯ ದಾರಿಯವು: ತಾನು ಸೇರಿಸಿದವರ ಖರೀದಿಯ ಮೇಲೆ ಬರುವ ಬೋನಸ್.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ತಿಂಗಳಿಗೆ ಹತ್ತು ಸಾವಿರ ರೂಪಾಯಿಯ ಖರೀದಿಗೆ ಶೇ 6, ನಲವತ್ತು ಸಾವಿರಕ್ಕೆ ಶೇ 9, ಹೀಗೆ ಏರುತ್ತ ಹೋಗಿ ಕೊನೆಯ ಮೆಟ್ಟಿಲಲ್ಲಿ ಶೇ 21 ಬೋನಸ್ ಎಂದಿಟ್ಟುಕೊಳ್ಳಿ. ನೀವು ಹತ್ತು ಸಾವಿರಕ್ಕೆ ಕೊಂಡಿರಿ. ನೀವು ಸೇರಿಸಿದ ಮೂವರೂ ತಲಾ ಹತ್ತು ಸಾವಿರಕ್ಕೆ ಕೊಂಡರು. ನಾಲ್ವರ ಒಟ್ಟು ಖರೀದಿ ನಲವತ್ತು ಸಾವಿರವಾದ್ದರಿಂದ ನಿಮ್ಮ ಗುಂಪಿಗೆ ಶೇ 9, ಅಂದರೆ 3,600 ರೂಪಾಯಿ. ಇದಷ್ಟೂ ನಿಮ್ಮದಲ್ಲ. ಆ ಮೂವರಿಗೆ ಅವರವರ ಶೇ 6ರಂತೆ ತಲಾ 600 ಸಲ್ಲಬೇಕು. ಉಳಿದ 1,800 ನಿಮ್ಮದು. ನಿಮ್ಮ ದರಕ್ಕೂ ನಿಮ್ಮ ಕೆಳಗಿನವರ ದರಕ್ಕೂ ಇರುವ ಅಂತರವೇ ನಿಮ್ಮ ಗಳಿಕೆ. ಕೆಳಗಿನವರಲ್ಲಿ ಒಬ್ಬರು ಶ್ರಮಪಟ್ಟು ನಿಮ್ಮದೇ ಮೆಟ್ಟಿಲಿಗೆ ಏರಿದರೆ ಆ ಅಂತರ ಸೊನ್ನೆ. ಅವರು ಕೊನೆಯ ಮೆಟ್ಟಿಲನ್ನೇ ಮುಟ್ಟಿದರೆ ಅವರ ಗುಂಪು ನಿಮ್ಮಿಂದ ಪ್ರತ್ಯೇಕಗೊಂಡು, ಅದರ ವಹಿವಾಟಿನ ಮೇಲೆ ಸಣ್ಣದೊಂದು ನಾಯಕತ್ವದ ಬೋನಸ್ ಮಾತ್ರ ದಕ್ಕುತ್ತದೆ. ಆದಾಯ ಉಳಿಯಬೇಕಾದರೆ ಮತ್ತೆ ಹೊಸ ಕವಲು ಕಟ್ಟಬೇಕು. ಒಮ್ಮೆ ದುಡಿದರೆ ಜೀವನಪೂರ್ತಿ ಆದಾಯ ಎಂಬ ಮಾತು ಈ ಲೆಕ್ಕದ ಎದುರು ನಿಲ್ಲುವುದಿಲ್ಲ.

ಆ 1,800 ರೂಪಾಯಿಗಾಗಿ ನೀವು ಹತ್ತು ಸಾವಿರದ ಸಾಮಾನು ಕೊಂಡಿರುವುದನ್ನೂ ಮರೆಯಬಾರದು. ಅದನ್ನು ಹೊರಗಿನ ಗ್ರಾಹಕರಿಗೆ ಮಾರಿದ್ದರೆ 1,800 ನಿಜವಾದ ಆದಾಯ. ಡಬ್ಬಗಳು ಅಟ್ಟ ಸೇರಿದ್ದರೆ 8,200 ರೂಪಾಯಿ ಕೈಬಿಟ್ಟು ಹೋಗಿದೆ. ಚಿಕ್ಕಮ್ಮನ ನೋಟ್‌ಪುಸ್ತಕದಲ್ಲಿ ಬಂದ ಕಮಿಷನ್ನಿನ ಪಟ್ಟಿ ಇತ್ತು, ಕೊಂಡ ಸಾಮಾನಿನ ಪಟ್ಟಿ ಇರಲಿಲ್ಲ. ಖರೀದಿಯನ್ನು ಖರ್ಚೆಂದು ಬರೆಯಬೇಡಿ, ಅದು ಹೂಡಿಕೆ ಎಂದು ಹೇಳಿಕೊಟ್ಟಿದ್ದರಂತೆ. ಸಂಘದ ಪುಸ್ತಕದಲ್ಲಿ ಅವರು ಅಂಥ ತಪ್ಪನ್ನು ಎಂದೂ ಮಾಡಿದವರಲ್ಲ. ನನಗೆ ಅತ್ಯಂತ ನೋವಾದದ್ದು ಆ ಪುಟ ನೋಡಿದಾಗ.

ಭಾರತದಲ್ಲಿ ಹೆಚ್ಚು ಕಾಣುವ ಇನ್ನೊಂದು ಪದ್ಧತಿ ಬೈನರಿ. ಪ್ರತಿಯೊಬ್ಬರ ಕೆಳಗೆ ಎಡಕ್ಕೊಂದು, ಬಲಕ್ಕೊಂದು, ಎರಡೇ ಕವಲು. ಎಡಗಡೆ ಒಂದು ಲಕ್ಷ ರೂಪಾಯಿಯ ವಹಿವಾಟಾಗಿ ಬಲಗಡೆ ಇಪ್ಪತ್ತು ಸಾವಿರವಾದರೆ ಜೋಡಿ ಕೂಡುವುದು ಇಪ್ಪತ್ತು ಸಾವಿರ ಮಾತ್ರ, ಕಮಿಷನ್ನೂ ಅಷ್ಟಕ್ಕೇ. ಉಳಿದ ಎಂಬತ್ತು ಸಾವಿರವನ್ನು ಕೆಲವು ಕಂಪನಿಗಳು ಮುಂದಿನ ವಾರಕ್ಕೆ ಒಯ್ಯುತ್ತವೆ, ಕೆಲವು ಅಳಿಸಿಬಿಡುತ್ತವೆ. ಸಾಲದ್ದಕ್ಕೆ ದಿನಕ್ಕೆ ಅಥವಾ ವಾರಕ್ಕೆ ಇಷ್ಟೇ ಎಂಬ ಮಿತಿ. ಒಂದು ಕವಲನ್ನು ನಿಮ್ಮ ಮೇಲಿನವರೇ ತುಂಬಿ ಉಬ್ಬಿಸಿ ತೋರಿಸುತ್ತಾರೆ. ಬಡವಾದ ಇನ್ನೊಂದು ಕವಲನ್ನು ತುಂಬುವ ಆತುರದಲ್ಲಿ ಜನ ತಮ್ಮ ಹೆಂಡತಿ, ತಮ್ಮಂದಿರ ಹೆಸರಿನಲ್ಲಿ ತಾವೇ ದುಡ್ಡು ಕಟ್ಟುತ್ತಾರೆ.

ವಂಚನೆಯ ಮಾತು ಹಾಗಿರಲಿ, ಎಲ್ಲರೂ ಪ್ರಾಮಾಣಿಕರೆಂದೇ ಭಾವಿಸೋಣ. ಪ್ರತಿಯೊಬ್ಬರೂ ಆರು ಜನರನ್ನು ಸೇರಿಸಿದರೆ ಮೊದಲ ಹಂತದಲ್ಲಿ 6, ಎರಡನೆಯದರಲ್ಲಿ 36, ಮೂರನೆಯದರಲ್ಲಿ 216. ಹತ್ತನೆಯ ಹಂತ ಒಂದಕ್ಕೇ ಬೇಕಾಗುವವರು 6,04,66,176 ಜನ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ ಸುಮಾರು 6.11 ಕೋಟಿ. ತೊಟ್ಟಿಲ ಕೂಸಿನಿಂದ ಹಾಸಿಗೆ ಹಿಡಿದ ಅಜ್ಜನವರೆಗೆ ಇಡೀ ರಾಜ್ಯ ಹತ್ತನೆಯ ಹಂತಕ್ಕೇ ಮುಗಿದುಹೋಯಿತು. ಸರಪಳಿ ಎಲ್ಲಿ ನಿಂತರೂ ಕೊನೆಯ ಹಂತದಲ್ಲಿರುವವರು ಒಟ್ಟು ಸದಸ್ಯರಲ್ಲಿ ಆರರಲ್ಲಿ ಐದು ಪಾಲು, ಅಂದರೆ ಶೇ 83. ಅವರ ಕೆಳಗೆ ಯಾರೂ ಇಲ್ಲ. ಅವರ ಮೇಲಿನ ಹಂತವನ್ನೂ ಸೇರಿಸಿಕೊಂಡರೆ ಶೇ 97. ಹೆಚ್ಚು ದುಡಿಯಲಿಲ್ಲ, ಕನಸು ಸಾಲದು ಎಂದು ಸೋತವರನ್ನು ಬಯ್ಯುವ ಭಾಷಣಕಾರರು ಈ ಗುಣಾಕಾರವನ್ನು ಒಮ್ಮೆ ಹಲಗೆಯ ಮೇಲೆ ಬರೆಯಲಿ.

ವ್ಯಾಪಾರದ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಆಯೋಗ, ಫೆಡರಲ್ ಟ್ರೇಡ್ ಕಮಿಷನ್, 1975ರಲ್ಲಿ ಕಾಸ್ಕಾಟ್ ಎಂಬ ಸೌಂದರ್ಯವರ್ಧಕ ಕಂಪನಿಯ ಪ್ರಕರಣದಲ್ಲಿ ಒರೆಗಲ್ಲೊಂದನ್ನು ಕೊಟ್ಟಿತು: ನಿಜವಾದ ಬಳಕೆದಾರರಿಗೆ ಸರಕು ಮಾರಿದ್ದಕ್ಕಲ್ಲದೆ, ಬೇರೆಯವರನ್ನು ಸೇರಿಸಿದ್ದಕ್ಕೆ ಹಣ ಸಿಗುತ್ತಿದ್ದರೆ ಅದು ಪಿರಮಿಡ್ ಎಂಬ ಅಕ್ರಮ ಯೋಜನೆ. 1979ರಲ್ಲಿ ಅದೇ ಆಯೋಗ ಆಮ್‌ವೇ ಪಿರಮಿಡ್ ಅಲ್ಲ ಎಂದು ತೀರ್ಪಿತ್ತಿತು. ದರ ನಿಗದಿ ಮತ್ತು ಆದಾಯದ ಉತ್ಪ್ರೇಕ್ಷೆಯ ವಿಷಯದಲ್ಲಿ ಮಾತ್ರ ತಪ್ಪು ಕಂಡಿತು. ಕೊಂಡದ್ದರಲ್ಲಿ ಶೇ 70ನ್ನು ಮಾರಿರಬೇಕು, ತಿಂಗಳಿಗೆ ಹತ್ತು ಗ್ರಾಹಕರಿಗೆ ಮಾರಿದ್ದನ್ನು ತೋರಿಸಬೇಕು, ಉಳಿದ ಮಾಲನ್ನು ಹಿಂದಕ್ಕೆ ಕೊಳ್ಳಬೇಕು ಎಂಬ ಕಂಪನಿಯ ನಿಯಮಗಳು ಆ ತೀರ್ಪಿಗೆ ಆಧಾರವಾದವು. ಆಮೇಲೆ ಬಂದ ಎಷ್ಟೋ ಕಂಪನಿಗಳು ಇಂಥ ನಿಯಮಗಳನ್ನೇ ರಕ್ಷಾಕವಚದಂತೆ ತೊಟ್ಟವು. ಪಾಲನೆ ಆಗುತ್ತಿದೆಯೇ ಎಂದು ನೋಡುವವರು ವಿರಳ. 2016ರಲ್ಲಿ, ಇದೇ ಪದ್ಧತಿಯಲ್ಲಿ ಪೌಷ್ಟಿಕ ಪೂರಕ ಮಾರುವ ಹರ್ಬಲೈಫ್ ಕಂಪನಿ 20 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿ ಆಯೋಗದೊಂದಿಗೆ ರಾಜಿ ಮಾಡಿಕೊಂಡಿತು. ‘ಸೇಲ್ಸ್ ಲೀಡರ್’ ಎನಿಸಿಕೊಂಡವರಲ್ಲಿಯೇ ಅರ್ಧಕ್ಕಿಂತ ಹೆಚ್ಚು ಜನರಿಗೆ 2014ರಲ್ಲಿ ಕಂಪನಿಯಿಂದ ಸಂದ ಸರಾಸರಿ ಮೊತ್ತ ಇಡೀ ವರ್ಷಕ್ಕೆ 300 ಡಾಲರ್‌ಗಿಂತ ಕಡಿಮೆ ಎಂದು ಆಯೋಗ ಹೇಳಿತ್ತು. ಪ್ರತಿಫಲದ ಮೂರನೇ ಎರಡು ಪಾಲಾದರೂ ದಾಖಲೆಯುಳ್ಳ ಚಿಲ್ಲರೆ ಮಾರಾಟವನ್ನು ಆಧರಿಸಿರಬೇಕು ಎಂಬ ಷರತ್ತು ಅಂದು ಬಂತು. ಆ ಷರತ್ತು ಅಮೆರಿಕಕ್ಕೆ ಮಾತ್ರ. ಕಂಪನಿಯ ಭಾರತದ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲಿ.

ನಮ್ಮ ಕಾನೂನಿನ ಕಥೆ ಬೇರೆ ಕಡೆಯಿಂದ ಶುರುವಾಗುತ್ತದೆ. ಎಪ್ಪತ್ತರ ದಶಕದಲ್ಲಿ ಬಹುಮಾನದ ಚೀಟಿಗಳ ಹಾವಳಿ ಮಿತಿಮೀರಿದಾಗ ರಿಸರ್ವ್ ಬ್ಯಾಂಕ್ ನೇಮಿಸಿದ ಜೇಮ್ಸ್ ರಾಜ್ ಅಧ್ಯಯನ ತಂಡ ಅವುಗಳ ನಿಷೇಧಕ್ಕೆ ಶಿಫಾರಸು ಮಾಡಿತು. 1978ರಲ್ಲಿ ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆ ಬಂತು. ಸದಸ್ಯರ ಸೇರ್ಪಡೆಯನ್ನು ಅವಲಂಬಿಸಿ ಸುಲಭವಾಗಿ, ಬೇಗನೆ ಹಣ ಮಾಡುವ ಯೋಜನೆ ಅಪರಾಧ. ಮೂರು ವರ್ಷಗಳವರೆಗೆ ಸೆರೆವಾಸ. ಸೋಪು, ಪುಡಿ, ಷಾಂಪೂ ಹಿಡಿದು ಬರುವ ಸರಪಳಿಗಳನ್ನು ಆ ಕಾಯ್ದೆ ಬರೆದವರು ಊಹಿಸಿರಲಾರರು.

ಆಮ್‌ವೇ ಭಾರತದಲ್ಲಿ ವ್ಯಾಪಾರ ಆರಂಭಿಸಿದ್ದು 1998ರಲ್ಲಿ. 2006ರಲ್ಲಿ ಆಂಧ್ರಪ್ರದೇಶದ ಸಿಐಡಿ ದಾಳಿ ನಡೆಸಿತು. ಕಂಪನಿಯ ಅರ್ಜಿಯನ್ನು 2007ರಲ್ಲಿ ವಜಾ ಮಾಡಿದ ಅಲ್ಲಿನ ಹೈಕೋರ್ಟ್, ಈ ಯೋಜನೆ ಮೇಲ್ನೋಟಕ್ಕೆ 1978ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದಿತು. 2013ರ ಮೇ ತಿಂಗಳಲ್ಲಿ ಕೇರಳ ಪೊಲೀಸರು ಕಂಪನಿಯ ಭಾರತದ ಮುಖ್ಯಸ್ಥ ವಿಲಿಯಂ ಪಿಂಕ್ನಿ ಅವರನ್ನು ಬಂಧಿಸಿದರು. ಉದ್ಯಮ ವಲಯ ಸ್ಪಷ್ಟ ನಿಯಮಗಳಿಗೆ ಒತ್ತಾಯಿಸಿತು. 2016ರಲ್ಲಿ ಕೇಂದ್ರದ ಮಾರ್ಗಸೂಚಿ, 2021ರ ಡಿಸೆಂಬರ್ 28ರಂದು ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೇರ ಮಾರಾಟದ ನಿಯಮಗಳು ಬಂದವು. ಪಿರಮಿಡ್ ಯೋಜನೆ ಈಗ ಹೆಸರು ಹಿಡಿದೇ ನಿಷಿದ್ಧ. ಮನಸ್ಸು ಬದಲಿಸಿ ಹೊರಬರಲು ದಂಡವಿಲ್ಲದ ಕಾಲಾವಕಾಶವೂ ಇದೆ.

2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ ಆಮ್‌ವೇಯ 757.77 ಕೋಟಿ ರೂಪಾಯಿ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಇದು 2011ರ ತನಿಖೆಗೆ ಸಂಬಂಧಿಸಿದ್ದು, ತಾನು ಸಹಕರಿಸುತ್ತಿದ್ದೇನೆ ಎಂದು ಕಂಪನಿ ಹೇಳಿತು. 2023ರಲ್ಲಿ ಹೈದರಾಬಾದ್‌ನ ವಿಶೇಷ ನ್ಯಾಯಾಲಯಕ್ಕೆ ದೂರು ಸಲ್ಲಿಕೆಯಾಯಿತು. ಸರಕು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದದಲ್ಲಿ ನನಗೆ ಆಸಕ್ತಿಯಿಲ್ಲ. ಕೊಳ್ಳುವವನು ಬರೀ ಕೊಳ್ಳುವವನೋ, ಆದಾಯದ ಆಸೆಗೆ ಕೊಳ್ಳುತ್ತಿರುವ ಇನ್ನೊಬ್ಬ ಸದಸ್ಯನೋ ಎಂಬುದನ್ನು ಬೇರ್ಪಡಿಸುವ ಲೆಕ್ಕವನ್ನು ಪ್ರತಿ ಕಂಪನಿಯಿಂದಲೂ ವರ್ಷ ವರ್ಷ ಕೇಳಬೇಕು.

ಅಲ್ಲಿಯವರೆಗೆ, ಮನೆಗೆ ಬಂದು ಕರೆಯುವವರನ್ನು ನಾವೇ ಒಂದು ಕಾಗದ ಕೇಳಬಹುದು. ವರ್ಷದ ಕಮಿಷನ್ ಮಿತಿ ದಾಟಿದರೆ 1961ರ ಹಳೆಯ ಆದಾಯ ತೆರಿಗೆ ಕಾಯ್ದೆಯ 194ಎಚ್ ಕಲಮಿನಡಿ ಮೂಲದಲ್ಲೇ ತೆರಿಗೆ ಕಡಿತವಾಗಿ, ಪ್ರತಿ ತೆರಿಗೆದಾರನ ಹೆಸರಿನಲ್ಲಿ ಇಲಾಖೆ ಇಡುವ 26ಎಎಸ್ ಪಟ್ಟಿಯಲ್ಲಿ ದಾಖಲಾಗುತ್ತಿತ್ತು. ಈ ಮಿತಿ ಬಹುಕಾಲ 15,000 ರೂಪಾಯಿ ಇತ್ತು, 2025ರ ಏಪ್ರಿಲ್‌ನಿಂದ 20,000. ತಿಂಗಳಿಗೆ ಲಕ್ಷ ಬರುತ್ತಿದೆ ಎನ್ನುವವರ ಹೆಸರಿನಲ್ಲಿ ಆ ದಾಖಲೆ ಇರಲೇಬೇಕು. ಚಿಕ್ಕಮ್ಮನನ್ನು ಸೇರಿಸಿದವರಲ್ಲಿ ನಾವು ಯಾರೂ ಅದನ್ನು ಕೇಳಲಿಲ್ಲ. ಮೊನ್ನೆ ಆ ಸೇರಿಸಿದವರೇ ಚಿಕ್ಕಮ್ಮನಿಗೆ ಫೋನ್ ಮಾಡಿದ್ದರಂತೆ. ಅವರ ಮನೆಯಲ್ಲೂ ಡಬ್ಬಗಳು ಉಳಿದಿವೆ, ಅರ್ಧ ಬೆಲೆಗಾದರೂ ಯಾರಾದರೂ ಕೊಳ್ಳುವವರಿದ್ದಾರೆಯೇ ಎಂದು ವಿಚಾರಿಸಿದರಂತೆ.