ದಂಡೆಯ ಅಳತೆಗೆ ಸಿಗದ ನದಿ

ನದಿ ಉಳಿಸಿಕೊಡಿ ಎಂದು ನನ್ನ ಕಚೇರಿಗೆ ಬರುವವರ ಕೈಯಲ್ಲಿ ಸರ್ವೆ ನಕ್ಷೆ ಇದ್ದೇ ಇರುತ್ತದೆ. "ಸಾರ್, ಅರ್ಕಾವತಿ ಹಳ್ಳ ಒತ್ತುವರಿ ಆಗಿದೆ. ಅಳತೆ ಮಾಡಿಸಿ ಕಲ್ಲು ನೆಡಿಸಬೇಕು, ಹೈಕೋರ್ಟಿಗೆ ಹಾಕಿ" ಅನ್ನುತ್ತಾರೆ. ಒತ್ತುವರಿ ತೆರವಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ "ನಿಮ್ಮೂರಲ್ಲಿ ಬೋರ್‌ವೆಲ್ ಎಷ್ಟಿವೆ?" ಎಂದು ಕೇಳಿದರೆ, ಕೇಳಬಾರದ್ದನ್ನು ಕೇಳಿದೆನೇನೋ ಎಂಬಂತೆ ಮುಖ ಮುಖ ನೋಡಿಕೊಳ್ಳುತ್ತಾರೆ. ವರ್ಷಗಟ್ಟಲೆ ಇದನ್ನೇ ಕಂಡು ಸಾಕಾಗಿ ಈ ಅಂಕಣ ಬರೆಯುತ್ತಿದ್ದೇನೆ.

ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ ಕನಕಪುರದಾಚೆ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಮಳೆಗಾಲ ಕಳೆದ ಮೇಲೂ ಅದರಲ್ಲಿ ನೀರು ಕಾಣುತ್ತಿದ್ದದ್ದು ಒರತೆಯಿಂದ. ನೆಲಕ್ಕಿಳಿದ ಮಳೆನೀರು ಕಲ್ಲಿನ ಬಿರುಕುಗಳನ್ನು ತುಂಬುತ್ತದೆ. ಆ ನೀರಿನ ಮಟ್ಟ ಹಳ್ಳದ ತಳಕ್ಕಿಂತ ಮೇಲಿರುವಷ್ಟು ದಿನ ಅದು ಹಳ್ಳಕ್ಕೆ ಜಿನುಗುತ್ತದೆ. ಮಟ್ಟ ತಳದಿಂದ ಕೆಳಗಿಳಿದರೆ ಜಿನುಗು ನಿಲ್ಲುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ, ಮುಂದಿನ ಮಳೆಗೆ ಹರಿದು ಬಂದ ನೀರನ್ನೂ ಬಾಯಾರಿದ ತಳವೇ ಹೀರಿಕೊಳ್ಳುತ್ತದೆ. ಕಲ್ಲಿನೊಳಗಿನ ಲೆಕ್ಕ ಭೂವಿಜ್ಞಾನಿಗಳದ್ದು, ನಾನು ವಕೀಲ. ಆದರೂ ಇಷ್ಟನ್ನು ನೂರು ಸಲ ಹೇಳಲು ಸಿದ್ಧನಿದ್ದೇನೆ: ಬೇಸಿಗೆಯಲ್ಲಿ ಹೊಳೆಯಲ್ಲಿ ಹರಿಯುವ ನೀರೂ ನಿಮ್ಮ ಬೋರ್‌ವೆಲ್ಲಿನ ನೀರೂ ಒಂದೇ ನೀರು. ಬೋರ್ ದಂಡೆಯಿಂದ ಒಂದು ಮೈಲಿ ದೂರವಿದ್ದರೂ ಅಷ್ಟೇ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಅರ್ಕಾವತಿ ಬತ್ತಿದ್ದಕ್ಕೆ ಮಳೆ ಕಡಿಮೆಯಾದದ್ದು ಕಾರಣವಾಗಿರಲಾರದು, ಮುಖ್ಯವಾಗಿ ಅಂತರ್ಜಲ ಎತ್ತಿದ್ದು ಮತ್ತು ನೀಲಗಿರಿ ತೋಪುಗಳು ಕಾರಣ ಎಂದಿತು. ಮಳೆಯನ್ನು ಬೈದುಕೊಂಡು ಕೂತವರು ಅದನ್ನು ಓದಬೇಕು.

ಒಂದೇ ನೀರನ್ನು ಎರಡಾಗಿ ಕತ್ತರಿಸಿದ್ದು ಕಾನೂನು. ಲಂಡನ್ನಿನ ದಕ್ಷಿಣಕ್ಕೆ ವಾಂಡಲ್ ಎಂಬ ಪುಟ್ಟ ನದಿಯಿದೆ, ಸುಣ್ಣಕಲ್ಲಿನ ಒರತೆಗಳಿಂದ ಹುಟ್ಟುವಂಥದ್ದು. ಅದರ ದಂಡೆಯಲ್ಲಿ ಒಬ್ಬನ ಗಿರಣಿ 60 ವರ್ಷಕ್ಕೂ ಹೆಚ್ಚು ಕಾಲದಿಂದ ನೀರಿನ ಬಲದಲ್ಲೇ ತಿರುಗುತ್ತಿತ್ತು. ಊರಿಗೆ ನೀರು ಕೊಡಲೆಂದು ಕ್ರಾಯ್ಡನ್ ಪಟ್ಟಣದ ಮಂಡಳಿ ಬಾವಿ ತೋಡಿತು, ನದಿಗೆ ಬರಬೇಕಾದ ನೀರು ಬಾವಿಯ ಪಾಲಾಯಿತು. ಗಿರಣಿಯವನು ನ್ಯಾಯ ಕೇಳಿದ. 1859ರಲ್ಲಿ ಅಲ್ಲಿನ ಅತ್ಯುನ್ನತ ಪೀಠ ಅವನ ವಿರುದ್ಧ ತೀರ್ಪು ಕೊಟ್ಟಿತು: ಗೊತ್ತಾದ ಕಾಲುವೆಯಿಲ್ಲದೆ ನೆಲದಡಿ ಸೋಸಿ ಹೋಗುವ ನೀರಿನ ಮೇಲೆ ಅವನಿಗೆ ಹಕ್ಕಿಲ್ಲ. ಅದೇ ವಿಚಾರ ನಮ್ಮ 1882ರ ಈಸ್‌ಮೆಂಟ್ಸ್ (ಇನ್ನೊಬ್ಬರ ಜಮೀನಿನ ಮೇಲಿನ ಅನುಭೋಗದ ಹಕ್ಕು) ಕಾಯ್ದೆಯ 7ನೇ ಸೆಕ್ಷನ್ನಿನಲ್ಲಿ ಒಂದು ದೃಷ್ಟಾಂತವಾಗಿ ಕೂತಿದೆ. ಇಂಗ್ಲೆಂಡ್ 1963ರಲ್ಲೇ ಕಾಯ್ದೆ ಮಾಡಿ, ಹೊಳೆಯಿಂದ ಎತ್ತಿದರೂ ನೆಲದಿಂದ ಎತ್ತಿದರೂ ಪರವಾನಗಿ ಬೇಕೆಂದಿತು. ನಮ್ಮಲ್ಲಿ "ನನ್ನ ಪಹಣಿ, ನನ್ನ ಬೋರು, ನನ್ನ ನೀರು" ಎಂಬ ಮಾತು ಇವತ್ತಿಗೂ ನನ್ನ ಮೇಜಿನ ಮೇಲೆ ಗುದ್ದಿ ಹೇಳಿಸಿಕೊಳ್ಳುತ್ತಿದೆ.

ಕಾನೂನೇ ಇಲ್ಲವೆಂದಲ್ಲ. 2003ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ, ಅಂದರೆ ಅದಕ್ಕೆ ಮಳೆನೀರು ಹರಿದು ಬರುವ ಪ್ರದೇಶ, ರಕ್ಷಿಸಲು ಸರ್ಕಾರ ಕಟ್ಟಡ, ಕಾರ್ಖಾನೆಗಳಿಗೆ ಮಿತಿ ಹಾಕುವ ವಲಯಗಳನ್ನು ಗುರುತಿಸಿತು. 2019ರಲ್ಲಿ ಅವನ್ನು ಕಿರಿದು ಮಾಡಿದಾಗ ಜಗಳವೆಲ್ಲ ದಂಡೆಯಿಂದ ಎಷ್ಟು ಮೀಟರ್ ಎಂಬುದರ ಸುತ್ತಲೇ ನಡೆಯಿತು. ಆ ಜಗಳ ಬೇಕಿತ್ತು, ಕಾರ್ಖಾನೆಯ ಕೊಳಕು ತಡೆಯಲು ಆ ಅಂತರ ಬೇಕು. ಒರತೆಯನ್ನು ಮಾತ್ರ ಅಡ್ಡಗಲದ ಟೇಪು ಕಾಯುವುದಿಲ್ಲ, ಅದನ್ನು ಆಳದಲ್ಲಿ ಅಳೆಯಬೇಕು. ಅಂತರ್ಜಲಕ್ಕೆಂದೇ ಬಂದ 2011ರ ಕರ್ನಾಟಕದ ಕಾಯ್ದೆ ಸರ್ಕಾರ ಅಧಿಸೂಚನೆಯಲ್ಲಿ ಗುರುತಿಸಿದ ಪ್ರದೇಶದಲ್ಲಿ ಬೋರ್ ಕೊರೆಸಲು ಅನುಮತಿ ಕಡ್ಡಾಯ ಮಾಡಿತು, ಕೊರೆಯುವ ಯಂತ್ರಗಳಾದ ರಿಗ್ಗುಗಳೂ ನೋಂದಣಿಯಾಗಬೇಕೆಂದಿತು. ಒಳ್ಳೆಯ ಕಾಯ್ದೆಯೇ. ಆದರೆ ಅದು ಒಂದೊಂದು ಬೋರನ್ನು ಬಿಡಿಬಿಡಿಯಾಗಿ ನೋಡುತ್ತದೆ. ಇಡೀ ಜಲಾನಯನದಲ್ಲಿ ಮೊದಲು ಹೊಳೆಯ ಪಾಲು ತೆಗೆದಿಟ್ಟು, ಉಳಿದದ್ದನ್ನು ಹಂಚುವ ಲೆಕ್ಕ ನನ್ನ ಓದಿನ ಮಟ್ಟಿಗೆ ಅದರಲ್ಲಿಲ್ಲ. ನದಿಗೊಂದು ಹೊಸ ಕಾನೂನು ಬೇಕೆನ್ನುವವರು ಕೇಳಬೇಕಾದದ್ದು ಈ ಲೆಕ್ಕವನ್ನು. (ನಿಮ್ಮ ಜಮೀನಿಗೆ ಯಾವ ನಿಯಮ ಹೇಗೆ ಅನ್ವಯಿಸುತ್ತದೆಂದು ಕಾಗದ ನೋಡದೆ ಯಾವ ವಕೀಲನೂ ಹೇಳಬಾರದು, ನಾನೂ ಹೇಳುವುದಿಲ್ಲ.)

ದೊಡ್ಡಬಳ್ಳಾಪುರದ ಕಡೆಯ ಯಜಮಾನರೊಬ್ಬರು ಹೀಗೇ ನಕ್ಷೆ ಹಿಡಿದು ಬಂದಿದ್ದರು. ಬೋರ್ ಎಷ್ಟು ಎಂದು ಕೇಳಿದ್ದಕ್ಕೆ ಸಿಟ್ಟಾಗಿ, "ಬನ್ನಿ ಸ್ವಾಮಿ, ತೋರಿಸ್ತೀನಿ" ಎಂದು ಹಳ್ಳಕ್ಕೆ ಕರೆದುಕೊಂಡು ಹೋದರು. ಜಾಲಿ ಪೊದೆಗಳ ನಡುವೆ ಕುಕ್ಕರಗಾಲಲ್ಲಿ ಕೂತು ಮರಳು ತೋಡಿದರು. "ಇಲ್ಲೇ ನಮ್ಮವ್ವ ಒರತೆ ತೋಡ್ತಿದ್ಲು. ಮೊಣಕೈ ಉದ್ದ ಹೋದ್ರೆ ಸಾಕು, ನೀರು. ತೆಂಗಿನ ಚಿಪ್ಪಲ್ಲಿ ಮೊಗೆದು ಕೊಡಕ್ಕೆ ತುಂಬೋಳು." ತೋಳುದ್ದ ತೋಡಿದರು, ಮರಳು ಮುಗಿದು ಬಿಳಿ ಸುದ್ದೆಮಣ್ಣು ಬಂತು. ಅದೂ ಒಣಗಿತ್ತು. ಕೈಗೆ ಹತ್ತಿದ ಮಣ್ಣನ್ನು ಪಂಚೆಗೆ ಒರೆಸಿಕೊಳ್ಳುತ್ತಾ, "ನನ್ನ ಬೋರು ಎಷ್ಟಡಿ ಗೊತ್ತಾ ಸ್ವಾಮಿ? 1,100" ಎಂದರು.

ಅರ್ಜಿ ಹಾಕುವ ಮುಂಚೆ ಊರಿನ ಎಲ್ಲ ಬೋರ್‌ಗಳ ಪಟ್ಟಿ ಮಾಡಿ ತನ್ನಿ ಎಂದು ಕಳಿಸಿದೆ: ಯಾವ ವರ್ಷ, ಎಷ್ಟು ಆಳ, ನೀರಿದೆಯೋ ಬತ್ತಿದೆಯೋ. ಮೂರು ವಾರ ಬಿಟ್ಟು ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡು ಬಂದರು. ಮೊದಲ ಸಾಲಿನಲ್ಲಿ ಅವರದೇ ಹೆಸರಿತ್ತು. ಮುಂದೆ ಐದು ಬೋರು, ನಾಲ್ಕರ ಎದುರಿಗೆ ಅಡ್ಡಗೆರೆ.