125 ಎಕ್ಸ್ ಜೂಮ್ ಇದ್ದ ಮೇಲೆ ದೊಡ್ಡ ಕ್ಯಾಮೆರಾ ಯಾಕೆ?

ಪ್ರಶ್ನೆ: "ಸೂಪರ್‌ಜೂಮ್ ಕ್ಯಾಮೆರಾದಲ್ಲಿ 125 ಎಕ್ಸ್ ಜೂಮ್ ಸಿಗುತ್ತದೆ. ಪ್ರೊಫೆಷನಲ್ ಮಿರರ್‌ಲೆಸ್‌ಗೆ ಅದರ ಎಷ್ಟೋ ಪಟ್ಟು ದುಡ್ಡು ಕೊಟ್ಟರೂ ಲೆನ್ಸ್ ಹೆಚ್ಚಾಗಿ ಮೂರು ಎಕ್ಸ್ ದಾಟುವುದಿಲ್ಲ. ಹಕ್ಕಿಗಳ ಫೋಟೋ ತೆಗೆಯಲು ಯಾವುದು ಒಳ್ಳೆಯದು?"

ಸೂಪರ್‌ಜೂಮ್ ಅಂದರೆ ಒಂದೇ ಲೆನ್ಸ್ ಕಾಯಂ ಆಗಿ ಕೂತಿರುವ, ಬಹಳ ಜೂಮ್ ಆಗುವ ಕ್ಯಾಮೆರಾ. ಮಿರರ್‌ಲೆಸ್ ಅಂದರೆ ಇಲ್ಲಿ ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ. ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಮಾಡೆಲ್ ಹೆಸರು ಬದಲಾಗುತ್ತದೆ. 125 ಹೋಗಿ 83 ಆಗುತ್ತದೆ, 40 ಆಗುತ್ತದೆ. ಅದರೊಳಗಿನ ತಪ್ಪು ತಿಳುವಳಿಕೆ ಮಾತ್ರ ಒಂದೇ. ಬಿಡಿ ಬಿಡಿಯಾಗಿ ಉತ್ತರಿಸಿ ಸಾಕಾಗಿದೆ, ಈ ಸಲ ಪೂರ್ತಿ ಬರೆಯುತ್ತೇನೆ.

ನೇರ ಉತ್ತರ ಬೇಕಿದ್ದವರಿಗೆ ಎರಡು ಸಾಲು. ಹಕ್ಕಿ ಕೂತಿದೆ, ಬಿಸಿಲು ಚೆನ್ನಾಗಿದೆ, ಹೆಗಲಿಗೆ ಭಾರ ಬೇಡ ಅಂದರೆ ಸೂಪರ್‌ಜೂಮ್ ಸಾಕು. ಹಕ್ಕಿ ಹಾರುತ್ತಿದೆ, ಬೆಳಕು ಕಮ್ಮಿ, ಗರಿಯ ಒಂದೊಂದು ಎಳೆಯೂ ಬಿಡಿಸಿ ಕಾಣಬೇಕು ಅಂದರೆ ಮಿರರ್‌ಲೆಸ್ ಬೇಕು. ಇಷ್ಟು ಹೇಳಿ ನಿಲ್ಲಿಸಿದರೆ ಮತ್ತೆ ಕೇಳುತ್ತಾರೆ, "ಸರಿ, ಆದರೆ ಅದು ಎಷ್ಟು ಎಕ್ಸ್?" ಹಾಗಾಗಿ ಮೊದಲು ಈ ಎಕ್ಸ್ ವಿಚಾರ ಮುಗಿಸೋಣ.

ಎಕ್ಸ್ ನೋಡಿ ಲೆನ್ಸ್ ಎಷ್ಟು ದೂರ ತಲುಪುತ್ತದೆ ಎಂದು ಹೇಳಲು ಆಗುವುದಿಲ್ಲ. ಅದೊಂದು ಭಾಗಾಕಾರದ ಲೆಕ್ಕ. ಫೋಕಲ್ ಲೆಂತ್ ಅಂದರೆ ಮಿ.ಮೀ.ನಲ್ಲಿ ಹೇಳುವ ಲೆನ್ಸ್‌ನ ಅಳತೆ, ಅದು ಉದ್ದವಾದಷ್ಟೂ ದೂರದ ವಸ್ತು ದೊಡ್ಡದಾಗಿ ಕಾಣುತ್ತದೆ. ಲೆನ್ಸ್‌ನ ಅತಿ ಉದ್ದದ ಫೋಕಲ್ ಲೆಂತ್ ಅನ್ನು ಅತಿ ಗಿಡ್ಡ ಫೋಕಲ್ ಲೆಂತ್‌ನಿಂದ ಭಾಗಿಸಿದಾಗ ಬರುವ ಅಂಕಿ. 2018ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ ಪಿ1000 ತೆಗೆದುಕೊಳ್ಳಿ. 24ರಿಂದ 3000 ಮಿ.ಮೀ. ಎಂದು ಹೇಳುತ್ತಾರೆ. 3000 ಅನ್ನು 24ರಿಂದ ಭಾಗಿಸಿದರೆ 125. ಕ್ಯಾನನ್‌ನ ಒಂದು 24-240 ಲೆನ್ಸ್ ಇದೆ, ಅದು 10 ಎಕ್ಸ್. ಸಿಗ್ಮಾದ 60-600 ಲೆನ್ಸ್ ಕೂಡ 10 ಎಕ್ಸ್. ಎಕ್ಸ್ ಒಂದೇ, ಆದರೆ ಒಂದು 240ಕ್ಕೆ ನಿಲ್ಲುತ್ತದೆ, ಇನ್ನೊಂದು 600 ಮುಟ್ಟುತ್ತದೆ. ಈಗ 600 ಮಿ.ಮೀ. ಪ್ರೈಮ್ ಲೆನ್ಸ್, ಅಂದರೆ ಫೋಕಲ್ ಲೆಂತ್ ಬದಲಾಗದ ಲೆನ್ಸ್ ನೋಡಿ. 600 ಅನ್ನು 600ರಿಂದಲೇ ಭಾಗಿಸಬೇಕು. ಬರುವುದು 1 ಎಕ್ಸ್. ವನ್ಯಜೀವಿ ಛಾಯಾಗ್ರಾಹಕರು ಆಸೆಪಟ್ಟು ಹೊತ್ತು ತಿರುಗುವ ಲೆನ್ಸ್‌ಗೆ ಈ ಲೆಕ್ಕದಲ್ಲಿ ಜೂಮೇ ಇಲ್ಲ! ಡಬ್ಬದ ಮೇಲಿನ ಎಕ್ಸ್ ನೋಡಿ ಕ್ಯಾಮೆರಾ ಆರಿಸುವವರು ಈ ಒಂದು ಉದಾಹರಣೆ ಮರೆಯಬಾರದು.

ಇಲ್ಲಿಗೆ ಬಂದಾಗ ಜಾಣ ಓದುಗರು ಮುಂದಿನ ಬಾಣ ಬಿಡುತ್ತಾರೆ. "ಎಕ್ಸ್ ಬಿಡಿ. 3000 ಮಿ.ಮೀ. ಅಂತೂ 600ಕ್ಕಿಂತ ಐದು ಪಟ್ಟು ಜಾಸ್ತಿ ಅಲ್ವಾ?" ಒಳ್ಳೆಯ ಪ್ರಶ್ನೆ. ಪಿ1000 ಕೈಗೆ ಸಿಕ್ಕರೆ ಅದರ ಲೆನ್ಸ್‌ನ ಮುಂದಿನ ಉಂಗುರದ ಮೇಲಿರುವ ಸಣ್ಣ ಅಕ್ಷರ ಓದಿ. ಅಲ್ಲಿ 3000 ಇರುವುದಿಲ್ಲ. 4.3-539 ಮಿ.ಮೀ. ಎಂದಿರುತ್ತದೆ. ಪಕ್ಕದಲ್ಲಿ 1:2.8-8 ಎಂದು ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ದಾರಿಯ ಅಳತೆ ಬರೆದಿರುತ್ತದೆ. ಇದನ್ನೇ ಎಫ್/2.8, ಎಫ್/8 ಎಂದೂ ಬರೆಯುತ್ತಾರೆ, ಅಂಕಿ ದೊಡ್ಡದಾದಷ್ಟೂ ದಾರಿ ಕಿರಿದು. ಲೆನ್ಸ್‌ನ ನಿಜವಾದ ಫೋಕಲ್ ಲೆಂತ್ 539 ಮಿ.ಮೀ. ಅಂದರೆ 600ಕ್ಕಿಂತ ಕಮ್ಮಿ.

ಹಾಗಾದರೆ 3000 ಎಲ್ಲಿಂದ ಬಂತು? ಸೆನ್ಸರ್‌ನಿಂದ, ಅಂದರೆ ಲೆನ್ಸ್ ಹಿಂದೆ ಚಿತ್ರ ಬೀಳುವ ಚಿಪ್‌ನಿಂದ. ಫುಲ್ ಫ್ರೇಮ್ ಎಂದು ಕರೆಯುವ ಮಿರರ್‌ಲೆಸ್‌ನ ದೊಡ್ಡ ಸೆನ್ಸರ್ 36 x 24 ಮಿ.ಮೀ. ಇರುತ್ತದೆ. ಪಿ1000ದ ಸೆನ್ಸರ್ ಸುಮಾರು 6.2 x 4.6 ಮಿ.ಮೀ. ಮೊದಲನೆಯದರಲ್ಲಿ ಎರಡನೆಯದು ಮೂವತ್ತು ಸಲ ಹಿಡಿಸುತ್ತದೆ. ಗೋಡೆಯ ಮೇಲಿನ ದೊಡ್ಡ ಚಿತ್ರದ ನಡುವೆ ಪುಟ್ಟ ಚೌಕಟ್ಟು ಇಟ್ಟು, ಅದರೊಳಗೆ ಕಾಣುವಷ್ಟನ್ನೇ ದೊಡ್ಡದು ಮಾಡಿ ನೋಡಿದ ಹಾಗೆ ಇದು. 539 ಮಿ.ಮೀ. ಲೆನ್ಸ್ ಕೊಟ್ಟ ಚಿತ್ರದಿಂದ ಪುಟ್ಟ ಸೆನ್ಸರ್ ನಡುವಿನ ತುಣುಕನ್ನು ಮಾತ್ರ ಎತ್ತಿಕೊಳ್ಳುತ್ತದೆ. ಆ ತುಣುಕು ತೋರಿಸುವಷ್ಟೇ ಅಗಲದ ನೋಟ ಫುಲ್ ಫ್ರೇಮ್‌ನಲ್ಲಿ ಬರಬೇಕಾದರೆ 3000 ಮಿ.ಮೀ. ಲೆನ್ಸ್ ಹಾಕಬೇಕಿತ್ತು. 3000 ಅನ್ನುವುದು ಆ ಹೋಲಿಕೆಯ ಅಂಕಿ. ಕಂಪನಿ ಸುಳ್ಳು ಹೇಳಿಲ್ಲ. ಎಷ್ಟು ಅಗಲದ ನೋಟ ಸಿಗುತ್ತದೆ ಎಂದು ತಿಳಿಯಲು ಅದು ಸರಿಯಾದ ಅಂಕಿಯೇ. ಅದರಿಂದ ಚಿತ್ರದ ಗುಣಮಟ್ಟ ಅಳೆಯಲು ಹೋದಾಗ ಎಡವಟ್ಟಾಗುತ್ತದೆ.

ಚಂದ್ರನನ್ನೇ ಹಿಡಿದು ನೋಡೋಣ, ಯಾಕಂದ್ರೆ ಚಂದ್ರನ ಫೋಟೋ ತೋರಿಸಿಯೇ ಹೆಚ್ಚಿನವರು ವಾದ ಮಾಡುವುದು. ಸೆನ್ಸರ್ ಮೇಲೆ ಬೀಳುವ ಚಂದ್ರನ ಬಿಂಬ ಎಷ್ಟು ದೊಡ್ಡದು ಎಂದು ತಿಳಿಯಲು ಸುಲಭದ ಲೆಕ್ಕ ಇದೆ. ಫೋಕಲ್ ಲೆಂತ್ ಅನ್ನು 110ರಿಂದ ಭಾಗಿಸಿ. 600 ಮಿ.ಮೀ. ಲೆನ್ಸ್‌ನಲ್ಲಿ ಚಂದ್ರ ಸುಮಾರು 5.5 ಮಿ.ಮೀ. ಪಿ1000ದಲ್ಲಿ ಸುಮಾರು 4.9 ಮಿ.ಮೀ. ಅಂದರೆ 3000 ಎಂದು ಹೇಳುವ ಕ್ಯಾಮೆರಾದೊಳಗಿನ ಚಂದ್ರ 600ರ ಚಂದ್ರನಿಗಿಂತ ಸಣ್ಣದು. ಆದರೆ ಅದು ಬೀಳುವ ಸೆನ್ಸರ್‌ನ ಎತ್ತರವೇ 4.6 ಮಿ.ಮೀ. ಹಾಗಾಗಿ ಮೇಲೆ ಕೆಳಗೆ ಸ್ವಲ್ಪ ಕತ್ತರಿಸಿ ಹೋಗುವಷ್ಟು ಫ್ರೇಮ್ ತುಂಬುತ್ತದೆ. ಪರದೆಯ ಮೇಲೆ ನೋಡಿದಾಗ "ಅಬ್ಬಾ!" ಅನಿಸುತ್ತದೆ. 600ರ ಚಂದ್ರ 24 ಮಿ.ಮೀ. ಎತ್ತರದ ಸೆನ್ಸರ್ ನಡುವೆ ಪುಟ್ಟದಾಗಿ ಕೂತಿರುತ್ತದೆ.

ಇನ್ನೂ ಒಂದು ವಾದ ಬಾಕಿ ಇದೆ, ಮತ್ತು ಅದರಲ್ಲಿ ಹುರುಳಿದೆ. "ಮಿರರ್‌ಲೆಸ್ ಚಿತ್ರವನ್ನು ಐದು ಪಟ್ಟು ಕ್ರಾಪ್ ಮಾಡಿದರೆ ಪಿಕ್ಸೆಲ್ ಎಲ್ಲಿ ಉಳಿಯುತ್ತದೆ?" ನಿಜ. 45 ಮೆಗಾಪಿಕ್ಸೆಲ್ ಫೋಟೋವನ್ನು ಉದ್ದಕ್ಕೂ ಅಗಲಕ್ಕೂ ಐದರಲ್ಲಿ ಒಂದು ಪಾಲಿಗೆ ಕತ್ತರಿಸಿದರೆ ಉಳಿಯುವುದು 1.8 ಮೆಗಾಪಿಕ್ಸೆಲ್. ಪಿ1000 ಅಲ್ಲಿ 16 ಮೆಗಾಪಿಕ್ಸೆಲ್ ಕೊಡುತ್ತದೆ. ಸುಮಾರು ಒಂಬತ್ತು ಪಟ್ಟು. ಗೆದ್ದೇ ಬಿಟ್ಟಿತು ಅನಿಸುತ್ತದೆ ಅಲ್ವಾ?

ಆದರೆ ಬೆಳಕು ಒಂದು ಸಣ್ಣ ತೂತಿನ ಮೂಲಕ ಹಾದಾಗ ಹರಡಿಕೊಳ್ಳುತ್ತದೆ. ಇದಕ್ಕೆ ಡಿಫ್ರಾಕ್ಷನ್ ಎನ್ನುತ್ತಾರೆ. ಇದು ಲೆನ್ಸ್ ತಯಾರಿಸಿದವರ ದೋಷವಲ್ಲ, ಬೆಳಕಿನ ಸ್ವಭಾವವೇ ಹಾಗೆ. ಎಷ್ಟು ಒಳ್ಳೆಯ ಗಾಜು ಹಾಕಿದರೂ ತಪ್ಪಿಸಲಾಗದು. ಎಫ್/8ರಲ್ಲಿ ಒಂದು ಚುಕ್ಕಿ ಬೆಳಕು ಸೆನ್ಸರ್ ಮೇಲೆ ಸುಮಾರು 10.7 ಮೈಕ್ರಾನ್ ಅಗಲದ ಬಿಲ್ಲೆಯಾಗಿ ಬೀಳುತ್ತದೆ. ಪಿ1000ದ ಒಂದು ಪಿಕ್ಸೆಲ್ ಸುಮಾರು 1.3 ಮೈಕ್ರಾನ್. ಅಂದರೆ ಒಂದೇ ಚುಕ್ಕಿ ಎಂಟು ಪಿಕ್ಸೆಲ್ ಅಗಲಕ್ಕೆ ಹರಡಿ ಕೂರುತ್ತದೆ. 45 ಮೆಗಾಪಿಕ್ಸೆಲ್ ಫುಲ್ ಫ್ರೇಮ್‌ನಲ್ಲಿ ಪಿಕ್ಸೆಲ್ ಸುಮಾರು 4.4 ಮೈಕ್ರಾನ್. ಎಫ್/6.3ರಲ್ಲಿ ಚುಕ್ಕಿಯ ಅಗಲ ಸುಮಾರು 8.5 ಮೈಕ್ರಾನ್. ಎರಡು ಪಿಕ್ಸೆಲ್‌ಗೆ ಮುಗಿಯಿತು. ಪಿ1000ದ 16 ಮೆಗಾಪಿಕ್ಸೆಲ್ ಫೈಲ್‌ನಲ್ಲಿ ನಿಜವಾದ ವಿವರ ಅದರ ಒಂದು ಸಣ್ಣ ಪಾಲು ಮಾತ್ರ. ಅದನ್ನೂ ಆ 1.8 ಮೆಗಾಪಿಕ್ಸೆಲ್ ತುಣುಕನ್ನೂ ಒಂದೇ ಗಾತ್ರಕ್ಕೆ ತಂದು ನೋಡಿ. ಒಂಬತ್ತು ಪಟ್ಟಿನ ಅಂತರ ಕರಗಿ ಹೋಗಿ ಎರಡೂ ಹತ್ತಿರ ಹತ್ತಿರ ಬಂದು ನಿಲ್ಲುತ್ತವೆ. ಅದೂ ಚಂದ್ರನಂಥ ಹೊಳೆಯುವ, ಓಡಿ ಹೋಗದ ವಸ್ತುವಿನಲ್ಲಿ, ಸೂಪರ್‌ಜೂಮ್‌ಗೆ ಎಲ್ಲ ಅನುಕೂಲ ಇರುವಾಗ.

ಹಾಗಾದರೆ ಎಕ್ಸ್ ಬದಲು ಏನು ನೋಡಬೇಕು? ಲೆನ್ಸ್‌ನ ಬಾಯಿ ನೋಡಿ. ನಿಜವಾದ ಫೋಕಲ್ ಲೆಂತ್ ಅನ್ನು ಎಫ್ ಅಂಕಿಯಿಂದ ಭಾಗಿಸಿ, ಬೆಳಕು ಒಳಗೆ ಬರುವ ದಾರಿ ಎಷ್ಟು ಅಗಲ ಎಂದು ಸಿಗುತ್ತದೆ. ಉಂಗುರದ ಮೇಲಿನ ಎರಡು ಅಂಕಿ ಸಾಕು, ಬೇರೇನೂ ಬೇಡ. ಪಿ1000: 539 ಭಾಗಿಸು 8, ಸುಮಾರು 67 ಮಿ.ಮೀ. ಸೋನಿ 200-600 ಲೆನ್ಸ್: 600 ಭಾಗಿಸು 6.3, ಸುಮಾರು 95 ಮಿ.ಮೀ. 600 ಎಫ್/4 ಪ್ರೈಮ್: 150 ಮಿ.ಮೀ. ಜೇಬಿಗೆ ಹೋಗುವ ನಿಜವಾದ ಕಾಂಪ್ಯಾಕ್ಟ್, ಕ್ಯಾನನ್ ಎಸ್‌ಎಕ್ಸ್740: 172 ಭಾಗಿಸು 6.9, ಬರೀ 25 ಮಿ.ಮೀ. ದೂರದ ಕೊಂಬೆಯ ಮೇಲಿನ ಹಕ್ಕಿಯಿಂದ ಹೊರಟ ಬೆಳಕಿನಲ್ಲಿ ಎಷ್ಟು ಕ್ಯಾಮೆರಾಗೆ ದಕ್ಕುತ್ತದೆ ಎನ್ನುವುದು ಈ ಬಾಯಿಯ ವಿಸ್ತೀರ್ಣದ ಮೇಲೆ ನಿಂತಿದೆ. 95ರ ಬಾಯಿ 67ರ ಎರಡು ಪಟ್ಟು ಬೆಳಕು ಹಿಡಿಯುತ್ತದೆ, 25ರ ಹದಿನಾಲ್ಕು ಪಟ್ಟು. 150ರ ಬಾಯಿ 67ರ ಐದು ಪಟ್ಟು. ಸೂಕ್ಷ್ಮ ವಿವರ ಬಿಡಿಸುವ ಶಕ್ತಿಯೂ ಈ ಬಾಯಿಯ ಜೊತೆಗೇ ಬೆಳೆಯುತ್ತದೆ. ಈ ಒಂದು ಭಾಗಾಕಾರ ಕಲಿತವರು ಜಾಹೀರಾತು ನೋಡಿ ಮೋಸ ಹೋದದ್ದನ್ನು ನಾನು ಕಂಡಿಲ್ಲ. ಅದು ನನಗೆ ನಿಜಕ್ಕೂ ಖುಷಿ ಕೊಡುವ ವಿಷಯ.

ಮಿರರ್‌ಲೆಸ್‌ನ ನಿಜವಾದ ಬಲ ಗೊತ್ತಾಗುವುದು ಹಕ್ಕಿ ರೆಕ್ಕೆ ಬಿಚ್ಚಿದಾಗ. ಮಿಂಚುಳ್ಳಿ ನೀರಿಗೆ ಧುಮುಕುವುದನ್ನು ಹಿಡಿಯಲು ಶಟರ್ 1/2000 ಸೆಕೆಂಡಾದರೂ ಬೇಕು. ಸೂರ್ಯ ಆಗಷ್ಟೇ ಏರುತ್ತಿದ್ದರೆ ಎಫ್/8ರಲ್ಲಿ ಅಷ್ಟು ವೇಗಕ್ಕೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ಸಾವಿರಗಟ್ಟಲೆ ಏರಿಸಬೇಕು. ಪುಟ್ಟ ಸೆನ್ಸರ್‌ನಲ್ಲಿ ಅಷ್ಟು ಏರಿಸಿದರೆ ಗರಿಗಳು ಬಣ್ಣದ ಪೇಸ್ಟ್ ಬಳಿದ ಹಾಗೆ ಆಗುತ್ತವೆ. ಅದು ಸಾಲದು ಎಂಬಂತೆ, 3000 ಮಿ.ಮೀ. ನೋಟದ ಅಗಲ ಮುಕ್ಕಾಲು ಡಿಗ್ರಿಯೂ ಇಲ್ಲ. ಹಕ್ಕಿ ಒಂದು ಸಲ ಫ್ರೇಮ್ ಬಿಟ್ಟರೆ ಎಲ್ಲಿ ಹೋಯಿತು ಎಂದೇ ತಿಳಿಯುವುದಿಲ್ಲ. ನಿಕಾನ್ ಇದಕ್ಕೆಂದೇ ಒಂದು ಗುಂಡಿ ಕೊಟ್ಟಿದೆ. ಒತ್ತಿ ಹಿಡಿದರೆ ಜೂಮ್ ತಾತ್ಕಾಲಿಕವಾಗಿ ಹಿಂದೆ ಸರಿಯುತ್ತದೆ, ಹಕ್ಕಿ ಸಿಕ್ಕ ಮೇಲೆ ಬಿಟ್ಟರೆ ಮತ್ತೆ ಮುಂದೆ ಹೋಗುತ್ತದೆ. ಒಳ್ಳೆಯ ಉಪಾಯ, ಆದರೆ ಹಾರುವ ಹಕ್ಕಿ ಅಷ್ಟು ಹೊತ್ತು ಕಾಯುವುದಿಲ್ಲ.

ಫೋಕಸ್ ವಿಚಾರವೂ ಹಾಗೆಯೇ. ಹೆಚ್ಚಿನ ಸಣ್ಣ ಸೆನ್ಸರ್ ಸೂಪರ್‌ಜೂಮ್‌ಗಳು ಕಾಂಟ್ರಾಸ್ಟ್ ನೋಡಿ ಫೋಕಸ್ ಮಾಡುತ್ತವೆ. ಲೆನ್ಸ್ ಹಿಂದೆ ಮುಂದೆ ಆಡಿ, ಚಿತ್ರ ಎಲ್ಲಿ ಚೂಪಾಗಿದೆ ಎಂದು ಹುಡುಕುತ್ತದೆ. ಫೇಸ್ ಡಿಟೆಕ್ಷನ್ (phase detection, ಮುಖ ಗುರುತಿಸುವುದಲ್ಲ) ಇರುವ ಮಿರರ್‌ಲೆಸ್‌ಗೆ ಯಾವ ಕಡೆ, ಎಷ್ಟು ಸರಿಯಬೇಕು ಎಂದು ಮೊದಲೇ ಗೊತ್ತಿರುತ್ತದೆ. 2021ರ ಸೋನಿ ಎ1 ಈ ಲೆಕ್ಕವನ್ನು ಸೆಕೆಂಡಿಗೆ 120 ಸಲ ಮಾಡುತ್ತದೆ. ಹಕ್ಕಿಯ ಕಣ್ಣನ್ನೇ ಗುರುತಿಸಿ ಅದರ ಬೆನ್ನು ಹತ್ತುತ್ತದೆ. ನೀವು ಕೊಡುವ ದುಡ್ಡಿನ ದೊಡ್ಡ ಪಾಲು ಇಲ್ಲಿಗೆ ಹೋಗುತ್ತದೆ.

ಇಷ್ಟೆಲ್ಲ ಓದಿ ಸೂಪರ್‌ಜೂಮ್ ಕೆಟ್ಟದ್ದು ಎಂದುಕೊಂಡರೆ ನನಗೆ ಬೇಜಾರಾಗುತ್ತದೆ. ಚಂದ್ರ, ದಡದಲ್ಲಿ ಅಲುಗದೆ ನಿಂತ ಬಕ, ದೂರದ ಗೂಡು, ಯಾವ ಜಾತಿಯ ಹಕ್ಕಿ ಎಂದು ಗುರುತಿಸಲು ಬೇಕಾದ ಫೋಟೋ, ಇದಕ್ಕೆಲ್ಲ ಅದು ಅದ್ಭುತ ಸಾಧನ. ಚಂದ್ರನ ಮೇಲೆ ಬಿಸಿಲು ಬಿದ್ದಿರುತ್ತದೆ ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ಹುಣ್ಣಿಮೆ ಚಂದ್ರನಿಗೆ ಎಫ್/8, ಐಎಸ್‌ಒ 100, 1/200 ಸೆಕೆಂಡ್ ಇಟ್ಟರೆ ಸಾಕು. ಅಲ್ಲಿ ಪುಟ್ಟ ಸೆನ್ಸರ್‌ಗೂ ಕಷ್ಟವಿಲ್ಲ. ಇನ್ನು ಸೋನಿ 200-600 ಲೆನ್ಸ್ ಒಂದೇ 2.1 ಕೆಜಿ, ಬಾಡಿ ಬೇರೆ. ಪಿ1000 ಎಲ್ಲ ಸೇರಿ 1.4 ಕೆಜಿ. ಎಸ್‌ಎಕ್ಸ್740 300 ಗ್ರಾಂ ಕೂಡ ಇಲ್ಲ. ಭಾರ ಎಂದು ಮನೆಯಲ್ಲೇ ಬಿಟ್ಟು ಬಂದ ಮಿರರ್‌ಲೆಸ್ ಯಾವ ಹಕ್ಕಿಯನ್ನೂ ಹಿಡಿಯುವುದಿಲ್ಲ.

ನಡುವಿನ ದಾರಿ ಬೇಕು ಅಂದರೆ ಒಂದು ಇಂಚಿನದು ಎಂದು ಕರೆಯುವ (ನಿಜಕ್ಕೂ ಅಷ್ಟು ದೊಡ್ಡದಲ್ಲದ, ಆದರೆ ಪಿ1000ದ್ದಕ್ಕಿಂತ ದೊಡ್ಡ) ಸೆನ್ಸರ್ ಇರುವ ಸೂಪರ್‌ಜೂಮ್ ನೋಡಿ. 2017ರ ಸೋನಿ ಆರ್‌ಎಕ್ಸ್10 ಮಾರ್ಕ್ 4 ನನಗೆ ಬಹಳ ಮೆಚ್ಚುಗೆಯ ಕ್ಯಾಮೆರಾ. ಅದು ಬರೀ 25 ಎಕ್ಸ್. ಆದರೆ 220 ಮಿ.ಮೀ.ನಲ್ಲಿ ಎಫ್/4, ಅಂದರೆ ಬಾಯಿ 55 ಮಿ.ಮೀ. ಸೆನ್ಸರ್‌ನಲ್ಲೇ ಫೇಸ್ ಡಿಟೆಕ್ಷನ್ ಫೋಕಸ್ ಕೂಡ ಇದೆ. 125 ಎಕ್ಸ್ ಬಿಟ್ಟು 25 ಎಕ್ಸ್ ತೆಗೆದುಕೊಳ್ಳಿ ಎಂದರೆ ಜನ ನನ್ನನ್ನು ಅನುಮಾನದಿಂದ ನೋಡುತ್ತಾರೆ. ಹಾರುವ ಹಕ್ಕಿ ಬೇಕಿದ್ದರೆ ಮತ್ತೆ ಅದನ್ನೇ ಹೇಳುತ್ತೇನೆ.

ಇಲ್ಲಿ ಯಾರೂ ಕೇಳದ, ಆದರೆ ಕೇಳಬೇಕಿದ್ದ ಒಂದು ಪ್ರಶ್ನೆ ಇದೆ. ಫುಲ್ ಫ್ರೇಮ್‌ಗೇ ನಿಜವಾದ 3000 ಮಿ.ಮೀ. ಲೆನ್ಸ್ ಯಾಕೆ ಮಾಡುವುದಿಲ್ಲ? ಅದೇ ಭಾಗಾಕಾರ ಮಾಡಿ. 3000 ಭಾಗಿಸು 8, ಅಂದರೆ 375 ಮಿ.ಮೀ. ಅಗಲದ ಗಾಜು. 1993ರಲ್ಲಿ ಕ್ಯಾನನ್ 1200 ಮಿ.ಮೀ. ಎಫ್/5.6 ಲೆನ್ಸ್ ತಂದಿತ್ತು. ಬಾಯಿ 214 ಮಿ.ಮೀ. ತೂಕ 16.5 ಕೆಜಿ. 375ರ ಗಾಜನ್ನು ಯಾರು ಹೊರುತ್ತಾರೆ?

ಒಂದು ವೇಳೆ ಹೊತ್ತರೂ ಮುಂದೆ ಗಾಳಿ ಕಾದಿರುತ್ತದೆ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿ ಗಾಳಿ ಬೆಳಕನ್ನು ಅಲ್ಲಾಡಿಸುತ್ತದೆ. ದೂರದ ಬಯಲಿನಲ್ಲಿ ನಿಂತ ಹಕ್ಕಿಯ ಅಂಚು ನೀರಿನೊಳಗಿದ್ದ ಹಾಗೆ ಕದಲುತ್ತದೆ. ಯಾವ ಕ್ಯಾಮೆರಾ ಆದರೂ ಅಷ್ಟೇ, ಜೂಮ್ ಜಾಸ್ತಿ ಮಾಡಿದಷ್ಟೂ ಆ ಕದಲಿಕೆಯೂ ದೊಡ್ಡದಾಗಿ ಕಾಣುತ್ತದೆ. "ನನ್ನ ಕ್ಯಾಮೆರಾ ಫುಲ್ ಜೂಮ್‌ನಲ್ಲಿ ಮಸುಕು, ಲೆನ್ಸ್ ಹಾಳಾಗಿದೆಯಾ?" ಎಂಬ ದೂರುಗಳಲ್ಲಿ ಬಹಳಷ್ಟು ಇದೇ. ರಿಪೇರಿಗೆ ಕೊಡುವ ಮೊದಲು ಹೀಗೆ ಮಾಡಿ. ಬೆಳಿಗ್ಗೆ ನೆಲ ಕಾಯುವ ಮುಂಚೆ, ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಹದಿನೈದು ಮೀಟರ್ ದೂರದ ಮರದ ತೊಗಟೆಯನ್ನು ಫುಲ್ ಜೂಮ್‌ನಲ್ಲಿ ತೆಗೆಯಿರಿ. ತೊಗಟೆಯ ಬಿರುಕುಗಳು ಚೂಪಾಗಿ ಬಂದರೆ ಲೆನ್ಸ್ ಸರಿಯಾಗಿಯೇ ಇದೆ.